ವಧುವಿಗೆ ಹೇಳಿದ್ದು, ವರನಿಗೆ ಹೇಳದೆ ಉಳಿದದ್ದು

ಕಾಮವನ್ನು ಕುರಿತು ಬಾಯಿಬಿಡದ ಸಮಾಜ ನಮ್ಮದೆಂದು ಹೇಳುವುದು ಇತ್ತೀಚೆಗೆ ರೂಢಿಯಾಗಿರುವುದಾದರೂ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಕಾಲಕ್ಕೆ, ಚಂದ್ರರಾಜನು ‘ಮದನತಿಲಕ’ವೆಂಬ ಶಾಸ್ತ್ರಗ್ರಂಥವನ್ನು ರಚಿಸಿದನು, ಅವನಿಗೆ ನಾಲ್ಕು ಶತಮಾನಗಳ ತರುವಾಯ ಕಲ್ಲರಸನು ‘ಜನವಶ್ಯ’ವನ್ನು ಬರೆದನು. ಸಂಕೋಚವೆಂಬುದು ಈ ಕವಿಗಳನ್ನು ಬಾಧಿಸಿದಂತೆ ಕಾಣುವುದಿಲ್ಲ. ಆದರೆ ಅವರು ಯಾರ ಉಪಯೋಗಕ್ಕೆಂದು ಬರೆದರೆಂದು ವಿಚಾರಿಸಿದರೆ, ಮುಖ್ಯವಾಗಿ ಕಾಣಿಸತಕ್ಕವನು ವಿದಗ್ಧನೂ ವಿರಾಮವುಳ್ಳವನೂ ಆದ ಪುರುಷನೇ. ಸ್ತ್ರೀಯು ಅಲ್ಲಿ ಹೆಚ್ಚಾಗಿ ವರ್ಣನೆಗೂ ವರ್ಗೀಕರಣಕ್ಕೂ ವಸ್ತುವಾಗಿರುವಳು. ಆ ಶಾಸ್ತ್ರದ ಲಕ್ಷ್ಯವಾದರೂ ಸುಖ, ಸ್ವಾಸ್ಥ್ಯವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ವಿಷಯ ವೈದ್ಯಕೀಯದ ಉಡುಪನ್ನು ತೊಟ್ಟು ಕನ್ನಡಕ್ಕೆ ಮರಳಿದಾಗ ವ್ಯವಸ್ಥೆಯೆಲ್ಲ ತಿರುಗುಮುರುಗಾಯಿತು. ಕಾದಂಬರಿಕಾರ್ತಿಯಾಗಿಯೂ ವೈದ್ಯೆಯಾಗಿಯೂ ನಾಡಿಗೆ ಪರಿಚಿತರಾದ ಡಾ. ಅನುಪಮಾ ನಿರಂಜನ ಅವರು ಬರೆದ ಪುಸ್ತಕಗಳು ಎಷ್ಟು ಮನೆಗಳ ಕಪಾಟುಗಳಲ್ಲಿ, ಕೆಲವು ಮನೆಗಳಲ್ಲಿ ಸೀರೆಗಳ ಮಡಿಕೆಯ ನಡುವೆ, ಜೋಪಾನವಾಗಿದ್ದುವೆಂಬುದನ್ನು ಹಿರಿಯ ಓದುಗರಿಗೆ ನೆನಪಿಸಬೇಕಾದುದಿಲ್ಲ. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ — ಇವನ್ನು ಸಾಲಾಗಿ ಇಟ್ಟು ನೋಡಿದರೆ ಹೆಣ್ಣೊಬ್ಬಳ ಆಯುಷ್ಯದ ಹಂತಗಳೆಲ್ಲವೂ ಕಣ್ಣೆದುರಿಗೆ ನಿಲ್ಲುವುವು. ‘ದಾಂಪತ್ಯ ದೀಪಿಕೆ’ಯೊಂದು ಇಬ್ಬರನ್ನೂ ಉದ್ದೇಶಿಸಿದುದು. ಆದರೆ ಕಿಶೋರನಿಗೆ, ವರನಿಗೆ, ತಂದೆಯಾಗಲಿರುವವನಿಗೆ ಇಂಥದೊಂದು ಸಾಲು ಎಲ್ಲಿದೆ? ಆ ಮಹನೀಯೆ ಮಾಡಿದ ಉಪಕಾರ ಅಲ್ಪವಾದುದಲ್ಲ. ಅವರ ಕೆಲಸದ ಇನ್ನೊಂದು ಅರ್ಧವನ್ನು ಕೈಗೆತ್ತಿಕೊಳ್ಳುವ ಪುರುಷವೈದ್ಯರು ಅಷ್ಟೇ ಹಟದಿಂದ ಮುಂದೆ ಬರಲಿಲ್ಲವೆಂಬುದೇ ನಮ್ಮ ಆಕ್ಷೇಪ. ಹೀಗೆ ಸುಖದ ಶಾಸ್ತ್ರ ಗಂಡಿನ ಪಾಲಿಗೂ ಸ್ವಾಸ್ಥ್ಯದ ಶಾಸ್ತ್ರ ಹೆಣ್ಣಿನ ಪಾಲಿಗೂ ಹಂಚಿಹೋಗಿ, ಒಂದೇ ಮನೆಯಲ್ಲಿ ಬಾಳತಕ್ಕ ಇಬ್ಬರ ಅರಿವು ಒಂದನ್ನೊಂದು ಸಂಧಿಸದೆ ಉಳಿಯಿತು. ಸಮುದಾಯಕ್ಕೆ ಲೈಂಗಿಕ ಆರೋಗ್ಯದ ಶಿಕ್ಷಣ ಬೇಕೆಂದು ಹೇಳುವಾಗ ‘ಸಮುದಾಯ’ದಲ್ಲಿ ಗಂಡಸರೂ ಸೇರಿರುವರೆಂಬುದನ್ನು ಮರೆಯುವುದು ಅಂದಿನಿಂದ ನಮಗೆ ಅಭ್ಯಾಸವಾಗಿಬಿಟ್ಟಿದೆ.

ರಾಜ್ಯಾಡಳಿತದ ಚರಿತ್ರೆಯೂ ಕೊನೆಗೆ ಇದಕ್ಕೆ ಹೊರತಾಗಲಿಲ್ಲ. 1930ರಲ್ಲಿ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದಾಗಿ ಇಂಥ ಕೇಂದ್ರಗಳನ್ನು ನಡೆಸಿದುದು ಲೋಕದಲ್ಲಿಯೇ ಮೊದಲೆಂದು ಹೇಳುವರು. ಆ ಕಾಲದ ಆಸುಪಾಸಿನಲ್ಲಿ ಮುಂಬಯಿ ಆಧಿಪತ್ಯದಲ್ಲಿ, ಎಂದರೆ ಬೆಳಗಾವಿ ಧಾರವಾಡಗಳನ್ನೂ ಒಳಗೊಂಡಿದ್ದ ಪ್ರಾಂತದಲ್ಲಿ, ಗಣಿತದ ಪ್ರಾಧ್ಯಾಪಕರಾಗಿದ್ದ ರಘುನಾಥ ಧೋಂಡೊ ಕರ್ವೆಯವರು ಇದೇ ವಿಚಾರದ ನಿಮಿತ್ತ ಉದ್ಯೋಗವನ್ನು ಕಳೆದುಕೊಂಡು, ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಿಕವನ್ನು ಹೊರತಂದು, ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೇ ಕರ್ವೆಯವರ ಅಪರಾಧವಾಗಿತ್ತೆಂಬುದನ್ನು ಪತ್ರಿಕೆ ನಡೆಸುವವರು ಜ್ಞಾಪಕದಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಸ್ವತಂತ್ರ ಭಾರತದಲ್ಲಿ ಮೊದಮೊದಲು ಗಂಡಸರನ್ನು ಮರೆತಿರಲಿಲ್ಲ. 1968ರಲ್ಲಿ ‘ನಿರೋಧ್’ ಕಾಂಡೋಮು ಪೇಟೆಗೆ ಬಂದಾಗ ಮೂರಕ್ಕೆ ಹದಿನೈದು ಪೈಸೆಯ ಬೆಲೆ ಕಟ್ಟಿ, ಚಹಾಪುಡಿ ಸೋಪು ಮಾರುವ ದೊಡ್ಡ ಕಂಪನಿಗಳ ಮೂಲಕವೇ ಅದನ್ನು ಹಳ್ಳಿಯ ಕಿರಾಣಿ ಅಂಗಡಿಯವರೆಗೆ ಮುಟ್ಟಿಸುವ ಏರ್ಪಾಟು ನಡೆಯಿತು. ಸರಕು ಮುಟ್ಟಿತು; ಅದರ ಸಂಗಡ ಹೋಗಬೇಕಾಗಿದ್ದ ಮಾತು ಹೋಗಲಿಲ್ಲ. ಆಮೇಲೆ ಬಂದದ್ದು ತುರ್ತುಪರಿಸ್ಥಿತಿ. ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆದು, ಅದರಲ್ಲಿ ಬಲಾತ್ಕಾರದ ಪಾಲು ಎಷ್ಟೆಂಬುದು ಊರೂರಿಗೂ ತಿಳಿದು, ಆ ಭೀತಿಯು ಸರ್ಕಾರಗಳನ್ನೇ ಉರುಳಿಸುವಷ್ಟು ಬಲಿತ ಮೇಲೆ, ಯಾವ ಅಧಿಕಾರಿಗೂ ಗಂಡಸಿನ ಎದುರಿಗೆ ಈ ಮಾತೆತ್ತುವ ಧೈರ್ಯ ಉಳಿಯದೆ ಕಾರ್ಯಕ್ರಮದ ಭಾರವೆಲ್ಲ ಸದ್ದಿಲ್ಲದೆ ಹೆಂಗಸಿನ ಹೊಟ್ಟೆಯ ಮೇಲೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಶಸ್ತ್ರಕ್ರಿಯೆಯಾಗಿರುವುದು ಶೇಕಡಾ 37.9ರಷ್ಟು, ಗಂಡನಿಗಾಗಿರುವುದು ಶೇಕಡಾ 0.3ರಷ್ಟು. ಕರ್ನಾಟಕದಲ್ಲಿ ಸ್ತ್ರೀಯರ ಪ್ರಮಾಣ ಶೇಕಡಾ 57ನ್ನು ದಾಟಿದೆ; ಪುರುಷರದು ಸೊನ್ನೆಗೆ ಅಂಟಿಕೊಂಡಿದೆ.

ಈ ಅಂಕಿಗಳನ್ನು ಓದುವಾಗ ಎರಡು ಶಸ್ತ್ರಕ್ರಿಯೆಗಳ ತಾರತಮ್ಯವನ್ನೂ ತಿಳಿದಿರಬೇಕು. ಹೆಂಗಸಿಗೆ ಉದರವನ್ನು ಭೇದಿಸಿ ಗರ್ಭನಾಳಗಳನ್ನು ತಲುಪಬೇಕು. ಗಂಡಸಿನ ವೀರ್ಯನಾಳಗಳಾದರೋ ಚರ್ಮದ ಕೆಳಗೇ ಬೆರಳಿಗೆ ಸಿಕ್ಕುವಂತಿರುವುದರಿಂದ, ಆ ಭಾಗವೊಂದನ್ನೇ ಮರಗಟ್ಟಿಸಿ, ಹೊಲಿಗೆಯೂ ಬೇಡದಷ್ಟು ಸಣ್ಣ ರಂಧ್ರದಿಂದ, ಅರ್ಧ ಗಂಟೆಯೊಳಗೆ ಕೆಲಸ ಮುಗಿದು ಆತನು ಅಂದೇ ಮನೆಗೆ ಹೋಗಬಹುದು. ಪೌರುಷಕ್ಕೆ ಕಾರಣವಾದ ರಸವು ವೃಷಣದಿಂದ ನೇರವಾಗಿ ರಕ್ತವನ್ನು ಸೇರುವುದೇ ಹೊರತು ಈ ನಾಳದಲ್ಲಿ ಹರಿಯುವುದಿಲ್ಲವಾದುದರಿಂದ ಬಲವಾಗಲಿ ಬಯಕೆಯಾಗಲಿ ಕುಗ್ಗಲು ಕಾರಣವಿಲ್ಲ. ಸುಮಾರು ಮೂರು ತಿಂಗಳವರೆಗೆ ಬೇರೆ ಎಚ್ಚರಿಕೆಯನ್ನು ವಹಿಸಿ, ಆಮೇಲೆ ವೀರ್ಯಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದಷ್ಟೇ ಮರೆಯಬಾರದ ನಿಯಮ. ಇದಿಷ್ಟನ್ನು ತಿಳಿಯಹೇಳಲು ಒಂದು ಸಂಜೆ ಸಾಕು. ಆದರೆ ‘ಆಪರೇಷನ್ ಮಾಡಿಸಿಕೊಂಡವನು ಮೂಟೆ ಎತ್ತಲಾರ’ ಎಂಬ ನಂಬಿಕೆ ಎರಡು ತಲೆಮಾರುಗಳಿಂದ ಹಾಗೆಯೇ ನಿಂತಿದೆ. ಗಂಡನ ಬಲಕ್ಕೆ ಕುಂದು ಬಂದೀತೆಂದು ಅಂಜಿ ತಾನೇ ಮುಂದಾಗಿ ಆಸ್ಪತ್ರೆಗೆ ಹೋಗುವ ಹೆಂಗಸರೂ ಇದ್ದಾರೆ. ಹಸಿ ಬಾಣಂತಿಯಾಗಿದ್ದರೂ ಆಕೆ ಮನೆಯ ನೀರು ಹೊರುವುದು ತಪ್ಪುವುದಿಲ್ಲವೆಂಬ ಸಂಗತಿ ಈ ಲೆಕ್ಕಾಚಾರದಲ್ಲಿ ಯಾರಿಗೂ ಹೊಳೆದಂತಿಲ್ಲ.

ಇನ್ನು ಹುಡುಗರ ಪಾಡು. ಹೆಣ್ಣುಮಗಳು ಮೈನೆರೆದರೆ ಕೇರಿಗೆಲ್ಲ ಗೊತ್ತಾಗುತ್ತದೆ: ಸೊಪ್ಪಿನ ಗುಡಿಸಲು, ಆರತಿ, ಕೊಬ್ಬರಿ ಬೆಲ್ಲ, ಸೋದರಮಾವನ ಸೀರೆ. ಅದೇಕೆ ಆಯಿತೆಂಬುದನ್ನು ಯಾರೂ ಆಕೆಗೆ ವಿವರಿಸರೆಂಬುದು ಬೇರೆ ಮಾತು. ಹಬ್ಬವೂ ಮೈಲಿಗೆಯೂ ಒಂದೇ ದಿನ ಒಬ್ಬಳ ಮೇಲೆಯೇ ಬೀಳುವ ಈ ವಿಚಿತ್ರ ಇನ್ನೂ ನಿಂತಿಲ್ಲ; ಬಸವಾದಿ ಶರಣರು ರಜಸ್ಸೂತಕವನ್ನು ನಿರಾಕರಿಸಿ ಎಂಟುನೂರು ವರ್ಷಗಳು ಕಳೆದ ಮೇಲೂ, ತುಮಕೂರು ಚಿತ್ರದುರ್ಗ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವಳೂ ಬಾಣಂತಿಯೂ ಊರ ಹೊರಗಿನ ಗುಡಿಸಲಿನಲ್ಲಿ ಇರಬೇಕಾಗಿ ಬರುತ್ತಿದೆ. ಆದರೂ ಹುಡುಗಿಗೆ ಅಜ್ಜಿಯೋ ಅಕ್ಕನೋ ಆಶಾ ಕಾರ್ಯಕರ್ತೆಯೋ ಒಬ್ಬರುಂಟು. ಹುಡುಗನಿಗೆ ಗೋಡೆಯ ಬರಹವೊಂದೇ ಗುರು. ಸ್ವಪ್ನಸ್ಖಲನವೆಂಬ ಸಹಜ ವ್ಯಾಪಾರವನ್ನು ಧಾತುನಷ್ಟವೆಂದು ತಿಳಿದು, ಸೊರಗಿ, ನಿದ್ರೆಗೆಟ್ಟು, ಕಡೆಗೆ ಜೀವದಲ್ಲಿಯೇ ಜುಗುಪ್ಸೆ ತಾಳುವ ತರುಣರ ಸ್ಥಿತಿಯನ್ನು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿಯೇ ಗುರುತಿಸಿ, ‘ಧಾತು’ವಿನ ಹೆಸರಿನಿಂದಲೇ ಅದನ್ನು ವೈದ್ಯಶಾಸ್ತ್ರಕ್ಕೆ ಸೇರಿಸಿದರು. ಕಾಯಿಲೆ ಇರುವುದು ಭಯದಲ್ಲಿ; ಮಾರಾಟವಾಗುವುದು ಲೇಹ್ಯ. ಪ್ರತಿ ತಿಂಗಳೂ ಇಂಥ ತಾರೀಖಿಗೆ ಇಂಥ ಊರಿನ ಇಂಥ ಲಾಡ್ಜಿನಲ್ಲಿ ‘ಗುಪ್ತರೋಗ ತಜ್ಞರು’ ದೊರೆಯುವರೆಂಬ ಜಾಹೀರಾತನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಓದದೆ ಬೆಳೆದ ಕನ್ನಡಿಗ ಹುಡುಗನು ವಿರಳ. ಕಾಮಶಕ್ತಿಯನ್ನು ವೃದ್ಧಿಪಡಿಸುವುದಾಗಿ ಹೇಳಿ ಔಷಧವನ್ನು ಪ್ರಚಾರ ಮಾಡಕೂಡದೆಂಬ ಕಾನೂನು 1954ರಲ್ಲಿಯೇ ಆಗಿದೆಯೆಂಬುದನ್ನು ಆ ಗೋಡೆಗಳಿಗೆ ಯಾರೂ ತಿಳಿಸಿದಂತಿಲ್ಲ.

ಹುಡುಗರಿಗೆ ತಿಳಿಯಹೇಳುವ ಕೆಲಸವನ್ನು ಶಾಲೆಗಳು ಮಾಡಬಹುದಾಗಿತ್ತು. 2007ರಲ್ಲಿ ಹದಿಹರೆಯದವರ ಶಿಕ್ಷಣದ ಕಾರ್ಯಕ್ರಮವನ್ನು ಅನೇಕ ರಾಜ್ಯಗಳು ತಡೆಹಿಡಿದುವು. ಆ ಸಾಲಿನಲ್ಲಿ ಕರ್ನಾಟಕವೂ ಇತ್ತು. ಹೇಳಿಕೊಟ್ಟರೆ ಮಕ್ಕಳು ಕೆಡುವರೆಂಬುದು ಅಂದಿನ ವಾದ, ಇಂದಿನದೂ ಅದೇ. ಹಲವು ದೇಶಗಳ ಅನುಭವವನ್ನು ಪರಿಶೀಲಿಸಿ ಯುನೆಸ್ಕೋ ಪ್ರಕಟಿಸಿರುವ ಮಾರ್ಗದರ್ಶಿಯು ಇದಕ್ಕೆ ವಿರುದ್ಧವಾದ ನಿರ್ಣಯಕ್ಕೆ ಬಂದಿದೆಯೆಂದು ಹೇಳಿ ಮುಂದೆ ಸಾಗುತ್ತೇವೆ. ಒಪ್ಪಲು ಮನಸ್ಸಿಲ್ಲದವರಿಗೆ ಆಧಾರಗಳ ಕೊರತೆ ಇದ್ದದ್ದೇ ಕಾರಣವೆಂದು ನಮಗೆ ಅನ್ನಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದಿರುವ ‘ಸ್ನೇಹ ಕ್ಲಿನಿಕ್’ಗಳ ಬಾಗಿಲು ಹುಡುಗರಿಗೂ ತೆರೆದಿದೆ. ಅಲ್ಲಿ ಗುಟ್ಟು ಗುಟ್ಟಾಗಿಯೇ ಉಳಿಯಬೇಕು, ಹಣ ಕೊಡಬೇಕಾದುದಿಲ್ಲ. ಇಂಥದೊಂದು ಜಾಗವಿದೆಯೆಂದು ತಿಳಿದ ಕಾಲೇಜು ಹುಡುಗರು ಎಷ್ಟು ಮಂದಿ ಇರುವರೋ ಓದುಗರೇ ತಮ್ಮ ಮನೆಯ ಹುಡುಗನನ್ನು ಕೇಳಿನೋಡಬಹುದು.

ಸಾಹಿತ್ಯಪತ್ರಿಕೆಗೆ ಈ ಉಸಾಬರಿ ಏಕೆಂದು ಕೇಳುವ ಮಿತ್ರರಿಗೆ ಚಂದ್ರರಾಜನೂ ಕಲ್ಲರಸನೂ ಸಾಹಿತ್ಯಚರಿತ್ರೆಯ ಪುಟಗಳಲ್ಲಿಯೇ ಇರುವರೆಂಬುದು ನಮ್ಮ ಉತ್ತರ. ಮುಂದಿನ ಸಂಚಿಕೆಯಿಂದ ಪ್ರಶ್ನೋತ್ತರಕ್ಕೆಂದು ಎರಡು ಪುಟಗಳನ್ನು ಮೀಸಲಿಟ್ಟಿದ್ದೇವೆ. ಉತ್ತರ ಕೊಡುವವರು ವೈದ್ಯರು, ಭಾಷೆಯನ್ನು ತಿದ್ದುವವರಷ್ಟೇ ನಾವು. ಪ್ರಶ್ನೆ ಕಳುಹಿಸುವವರು ಹೆಸರನ್ನೂ ಊರನ್ನೂ ಬರೆಯಬೇಕಾದುದಿಲ್ಲ; ವಯಸ್ಸನ್ನು ಬರೆದರೆ ವೈದ್ಯರಿಗೆ ಅನುಕೂಲ. ಪತ್ರಗಳು ಹೆಚ್ಚಾಗಿ ಬಂದು ಸ್ಥಳ ಸಾಲದಾದರೆ ಮೊದಲು ಗಂಡಸರ ಪತ್ರಗಳಿಗೆ ಉತ್ತರ ಕೊಡಲಾಗುವುದು. ಸೋದರಿಯರು ಈ ಒಂದು ವಿಷಯದಲ್ಲಿ ನಮ್ಮ ಪಕ್ಷಪಾತವನ್ನು ಸಹಿಸಿಕೊಳ್ಳಬೇಕೆಂದು ಕೋರುತ್ತೇವೆ.