ಮನೆಯೊಳಗೊಂದು ಷೇರುಪೇಟೆ

ಭಾನುವಾರದ ಮಧ್ಯಾಹ್ನ. ಊಟ ಮುಗಿದು ಮನೆಯ ಹಿರಿಯರು ಸಣ್ಣ ನಿದ್ರೆಗೆ ಜಾರಿದ್ದಾರೆ. ನಡುಮನೆಯ ಮೇಜಿನ ಮೇಲೆ ಕಂಪ್ಯೂಟರು. ಅದರ ಮುಂದೆ ಚಿಕ್ಕಪ್ಪ. ಪಕ್ಕದ ಕುರ್ಚಿಯಲ್ಲಿ ಹತ್ತನೆಯ ತರಗತಿಯ ಹುಡುಗಿ. ಹಳೆಯ ಪುಸ್ತಕವೊಂದರ ಮಾದರಿಯನ್ನು ನೋಡಿಕೊಂಡು, ವಾರವೆಲ್ಲ ಕುಳಿತು ಅವಳೇ ಬರೆದ ಷೇರುಪೇಟೆಯ ಆಟ ಪರದೆಯ ಮೇಲೆ ನಡೆದಿದೆ. ಹತ್ತು ದಿನದ ವ್ಯಾಪಾರ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ಮುಖ ಅರಳಿತು.

“ಇದರ ಗುಟ್ಟು ಸಿಕ್ಕಿತು ಕಣೇ! ಎರಡು ದಿನ ಇಳಿದ ಷೇರು ಮೂರನೆಯ ದಿನ ಏರಲೇಬೇಕು. ಬೇಕಾದರೆ ನೋಡುತ್ತಿರು.”

“ಇಲ್ಲ ಚಿಕ್ಕಪ್ಪ, ಅಂಥ ನಿಯಮವನ್ನು ನಾನು ಬರೆದೇ ಇಲ್ಲವಲ್ಲ.”

ಚಿಕ್ಕಪ್ಪ ನಕ್ಕು ಸುಮ್ಮನಾದ. ಮರುದಿನದ ಬೆಲೆ ಪರದೆಯ ಮೇಲೆ ಮೂಡಿತು. ಷೇರು ಏರಿತ್ತು! ಆಟವನ್ನು ಬರೆದವಳ ಮಾತಿಗಿಂತ ಆಟದ ಅಂಕಿಯೇ ಅವನಿಗೆ ಹೆಚ್ಚಿನ ಪ್ರಮಾಣವಾಗಿ ಕಂಡಿತು. ಅವನ ಜೇಬಿನ ಫೋನಿನಲ್ಲಿ ನಿಜವಾದ ಷೇರುಪೇಟೆಯ ಖಾತೆಯೊಂದು ಮೂರು ತಿಂಗಳಿಂದ ಇದೆಯೆಂಬುದು ಮನೆಯವರಿಗೆ ಇನ್ನೂ ತಿಳಿಯದು.

ಇದು ಕಲ್ಪಿಸಿದ ಚಿತ್ರ. ಆದರೆ ಇಂದು ಯಾವ ನಗರದ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಆ ಹುಡುಗಿಯ ಮುಂದಿದ್ದ ಮಾದರಿ ಮಾತ್ರ ಕಲ್ಪನೆಯಲ್ಲ. ಅದಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯುಂಟು.

ಕಂಪ್ಯೂಟರಿಗೆ ಅಪ್ಪಣೆ ಕೊಡುವುದು ಪಂಡಿತರಿಗೆ ಮಾತ್ರ ಮೀಸಲಾಗಿದ್ದ ಕಾಲದಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಗಣಿತಜ್ಞರು, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್, ಸಾಮಾನ್ಯ ವಿದ್ಯಾರ್ಥಿಯೂ ಕಲಿಯಬಲ್ಲ ಸರಳ ಭಾಷೆಯೊಂದನ್ನು ನಿರ್ಮಿಸಿದರು. ‘ಬೇಸಿಕ್’ ಎಂಬ ಹೆಸರಿನ ಆ ಭಾಷೆ 1964ರ ಮೇ ತಿಂಗಳ ಮೊದಲ ದಿನದ ನಸುಕಿನಲ್ಲಿ ಮೊದಲ ಬಾರಿಗೆ ಕೆಲಸ ಮಾಡಿತು. ಅದು ಕೈಗೆ ಬಂದದ್ದೇ ತಡ, ವಿದ್ಯಾರ್ಥಿಗಳೂ ಅಧ್ಯಾಪಕರೂ ಬಿಡುವಿನ ವೇಳೆಯಲ್ಲಿ ಆಟಗಳನ್ನು ಬರೆಯತೊಡಗಿದರು. ಷೇರುಪೇಟೆಯ ಆಟ ಅವುಗಳಲ್ಲೊಂದು. ಅದರ ಬರಹದೊಳಗೆ ಪೆಸೆಲ್, ಬ್ರಾನ್, ಲೋಸಿಕ್ ಎಂಬ ಮೂರು ಹೆಸರುಗಳೂ, ಅದನ್ನು ತಿದ್ದಿದ ದಿನಾಂಕವೆಂದು 1970ರ ಆಗಸ್ಟ್ 18 ಎಂಬುದೂ ದಾಖಲಾಗಿವೆ.

ಕಂಪ್ಯೂಟರ್ ತಯಾರಿಸುತ್ತಿದ್ದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯಲ್ಲಿದ್ದ ಡೇವಿಡ್ ಆಲ್ ಇಂಥ ನೂರೊಂದು ಆಟಗಳನ್ನು ಕಲೆಹಾಕಿ 1973ರಲ್ಲಿ ಪುಸ್ತಕವಾಗಿ ಹೊರತಂದರು. ಮನೆಮನೆಗೆ ಕಂಪ್ಯೂಟರು ಬರತೊಡಗಿದಾಗ, 1978ರಲ್ಲಿ, ಅದರ ಪರಿಷ್ಕೃತ ಆವೃತ್ತಿ ಬಂದು, ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಆ ಪುಸ್ತಕವನ್ನು ಕೊಂಡವನಿಗೆ ಸಿದ್ಧವಾದ ಆಟ ದೊರೆಯುತ್ತಿರಲಿಲ್ಲ. ದೊರೆಯುತ್ತಿದ್ದುದು ಅಚ್ಚಾದ ಸಾಲುಗಳು ಮಾತ್ರ. ಒಂದೊಂದು ಸಾಲನ್ನೂ ತಾನೇ ಕುಳಿತು ಕಂಪ್ಯೂಟರಿಗೆ ಬೆರಳಚ್ಚಿಸಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಹುಡುಕಿ ತಿದ್ದಬೇಕು. ಆದುದರಿಂದ ಆಡುವವನು ಆಟ ಪ್ರಾರಂಭವಾಗುವ ಮೊದಲೇ ಅದರ ಒಡಲನ್ನು ಅಕ್ಷರಶಃ ಕಂಡಿರುತ್ತಿದ್ದ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಟದಲ್ಲಿರುವುದು ಐದೇ ಕಂಪನಿಗಳು. ಅವುಗಳ ಹೆಸರಿನಲ್ಲಿ ಬರೆದವರ ತುಂಟತನ ತುಂಬಿದೆ. ಹೆಸರಾಂತ ಐ.ಬಿ.ಎಂ. ಕಂಪನಿಯ ಅಕ್ಷರಗಳು ಇಲ್ಲಿ ಕ್ಷಿಪಣಿ ತಯಾರಕರ ಪಾಲಾಗಿವೆ. ಎ.ಬಿ.ಸಿ. ಎಂದರೆ ಅಮೆರಿಕದ ದಿವಾಳಿ ಕಂಪನಿ! ಸಿ.ಬಿ.ಎಸ್. ಎಂಬುದು ಛೀಮಾರಿಗೊಳಗಾದ ಪುಸ್ತಕಗಳ ಅಂಗಡಿ. ಆರ್.ಸಿ.ಎ. ಎಂಬ ರೇಡಿಯೋ ಕಂಪನಿಯ ಅಕ್ಷರಗಳು ರೆಡ್‌ಕ್ರಾಸಿಗೆ ಸಂದಿವೆ. ಅಧ್ಯಕ್ಷ ಲಿಂಡನ್ ಜಾನ್ಸನ್ನರ ಎಲ್.ಬಿ.ಜೆ. ಎಂಬ ಮೂರಕ್ಷರವೂ ಒಂದು ಹಾಸ್ಯದ ಹೆಸರಿನ ಕಂಪನಿಯಾಗಿ ಷೇರುಪೇಟೆಗೆ ಬಂದಿದೆ.

ಆಟಗಾರನಿಗೆ ಮೊದಲು 10,000 ಡಾಲರ್ ಕೊಡಲಾಗುವುದು. ಪ್ರತಿದಿನದ ಬೆಲೆಪಟ್ಟಿ ಬಂದಾಗ, ಕೊಳ್ಳುವುದಾದರೆ ಷೇರುಗಳ ಸಂಖ್ಯೆಯನ್ನೂ, ಮಾರುವುದಾದರೆ ಅದೇ ಸಂಖ್ಯೆಯ ಹಿಂದೆ ಕಳೆಯುವ ಚಿಹ್ನೆಯನ್ನೂ ಹಾಕಬೇಕು. ಕೊಂಡರೂ ಮಾರಿದರೂ ನೂರಕ್ಕೆ ಒಂದರಂತೆ ದಲ್ಲಾಳಿಯ ಕಮಿಷನ್ನು ಕಳೆಯುತ್ತದೆ. ಸೊನ್ನೆಗೆ ಇಳಿದ ಷೇರು ಮತ್ತೆ ಚಿಗುರಲೂಬಹುದು. ನಿಜವಾದ ಪೇಟೆಯಲ್ಲಿ ಇಷ್ಟು ದಯೆ ಅಪರೂಪ.

ಇನ್ನು ಬೆಲೆ ಹುಟ್ಟುವ ಬಗೆ. ದಾಳದಂತೆ ಬಂದ ಒಂದು ಸಂಖ್ಯೆ ಇಡೀ ಪೇಟೆ ಏರಬೇಕೋ ಇಳಿಯಬೇಕೋ, ಎಷ್ಟು ವೇಗದಲ್ಲಿ ಎಂಬುದನ್ನು ಗೊತ್ತುಮಾಡುತ್ತದೆ. ಆ ಒಲವು ಎಷ್ಟು ದಿನ ನಿಲ್ಲಬೇಕೆಂಬುದನ್ನು ಇನ್ನೊಂದು ದಾಳ ಹೇಳುತ್ತದೆ. ಹೆಚ್ಚೆಂದರೆ ನಾಲ್ಕೈದು ದಿನ. ಅದರ ಮೇಲೆ ಒಂದೊಂದು ಷೇರಿಗೂ ಮೂರು ಡಾಲರಿನವರೆಗೆ ಹೆಚ್ಚೋ ಕಡಿಮೆಯೋ ಆಗುವ ಮತ್ತೊಂದು ದಾಳ. ಆಗಾಗ ಯಾವುದೋ ಒಂದು ಕಂಪನಿಗೆ ಇದ್ದಕ್ಕಿದ್ದಂತೆ ಹತ್ತು ಡಾಲರಿನ ನೆಗೆತ, ಇನ್ನಾವುದೋ ಒಂದಕ್ಕೆ ಹತ್ತು ಡಾಲರಿನ ಬೀಳು. ಇಷ್ಟೇ. ಕ್ಷಿಪಣಿಗೆ ಬೇಡಿಕೆ ಹೆಚ್ಚಿತೆಂದಾಗಲಿ, ಪುಸ್ತಕದಂಗಡಿಯಲ್ಲಿ ವ್ಯಾಪಾರ ಕುಸಿಯಿತೆಂದಾಗಲಿ ಅಲ್ಲಿ ಯಾವ ಕಾರಣವೂ ಇಲ್ಲ. ಬೆಲೆಗಳು ಕಾರಣವಿಲ್ಲದೆ ಹುಟ್ಟುತ್ತವೆಂದೂ, ನಿಜವಾದ ಪೇಟೆ ಹೀಗೆಯೇ ಎಂದು ತಿಳಿಯಬಾರದೆಂದೂ ಆಟದ ಸೂಚನೆಯಲ್ಲೇ ಎಚ್ಚರಿಕೆಯ ಮಾತು ಅಚ್ಚಾಗಿತ್ತು.

ಆದರೂ ಆಡುವವನು ಕಾರಣವನ್ನು ಕಾಣುತ್ತಾನೆ! ಪೇಟೆಯ ಒಲವು ಮೇಲ್ಮುಖವಾಗಿದ್ದ ಮೂರು ದಿನ ಅವನು ಕೊಂಡದ್ದೆಲ್ಲ ಏರುತ್ತದೆ. ಅದು ತನ್ನ ದೂರದೃಷ್ಟಿಯ ಫಲ ಎನ್ನುತ್ತಾನೆ. ನಾಲ್ಕನೆಯ ದಿನ ದಾಳ ಮಗ್ಗುಲು ಬದಲಿಸಿ ಎಲ್ಲವೂ ಇಳಿದರೆ ಅದು ಅದೃಷ್ಟದ ದೋಷ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ, ಕಾಗೆಯ ತೂಕವನ್ನು ಲೆಕ್ಕ ಹಾಕುತ್ತ ಕೂರುವವನ ಅವಸ್ಥೆ ಇದು.

ಇದು ಹುಡುಗಾಟದವರ ದೌರ್ಬಲ್ಯ ಮಾತ್ರವೆಂದು ಭಾವಿಸಬಾರದು. ಆಟದ ಪುಸ್ತಕ ಪ್ರಕಟವಾದ 1973ರಲ್ಲಿಯೇ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಬರ್ಟನ್ ಮಾಲ್ಕೀಲ್, ಷೇರುಗಳ ಅಲ್ಪಕಾಲದ ಏರಿಳಿತವನ್ನು ಹಿಂದಿನ ಏರಿಳಿತದಿಂದ ಊಹಿಸುವುದು ಸಾಧ್ಯವಿಲ್ಲವೆಂದು ವಾದಿಸುವ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ತಮ್ಮ ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಮಾಡಿಸಿದ್ದರು. ಇಲ್ಲದ ಷೇರೊಂದಕ್ಕೆ 50 ಡಾಲರ್ ಬೆಲೆ ಕಟ್ಟಿ, ದಿನಕ್ಕೊಮ್ಮೆ ನಾಣ್ಯ ಚಿಮ್ಮುವುದು. ತಲೆ ಬಿದ್ದರೆ ಬೆಲೆಯನ್ನು ತುಸು ಏರಿಸುವುದು, ಹೂವು ಬಿದ್ದರೆ ತುಸು ಇಳಿಸುವುದು. ಹೀಗೆ ಮೂಡಿದ ರೇಖಾಚಿತ್ರವೊಂದನ್ನು, ರೇಖೆ ನೋಡಿ ಭವಿಷ್ಯ ನುಡಿಯುವ ವೃತ್ತಿಯ ಸ್ನೇಹಿತನಿಗೆ ತೋರಿಸಿದಾಗ, ಆತ ಉತ್ಸಾಹದಿಂದ ಎದ್ದುನಿಂತು, ಇದಾವ ಕಂಪನಿ, ಈಗಲೇ ಕೊಳ್ಳಬೇಕಲ್ಲ, ಎಂದನಂತೆ. ಕಂಪನಿ ಇರಲೇ ಇಲ್ಲ. ಇದ್ದದ್ದು ವಿದ್ಯಾರ್ಥಿಯ ಕೈಯ ನಾಣ್ಯ!

ಆಟದಲ್ಲಿ ಎಲ್ಲವೂ ಅನಿಶ್ಚಿತವೆ? ಅಲ್ಲ. ಒಂದು ಮಾತ್ರ ನಿಶ್ಚಿತ; ಅದು ದಲ್ಲಾಳಿಯ ಕಮಿಷನ್ನು. ನೂರಕ್ಕೆ ಒಂದು ಎಂದರೆ ಎಷ್ಟರ ಮಾತು ಎನ್ನಿಸಬಹುದು. ಆಟಗಾರನು ಕೈಯಲ್ಲಿರುವುದನ್ನೆಲ್ಲ ದಿನವೂ ಮಾರಿ ಇನ್ನೊಂದನ್ನು ಕೊಳ್ಳುವ ಚಪಲದವನಾದರೆ, ಮಾರಾಟಕ್ಕೊಂದು, ಖರೀದಿಗೊಂದು, ಒಟ್ಟು ನೂರಕ್ಕೆ ಸುಮಾರು ಎರಡು ದಿನವೂ ಸೋರುತ್ತದೆ. ಬೆಲೆಗಳು ಏರದೆ ಇಳಿಯದೆ ನಿಂತೇ ಇದ್ದರೂ 10,000 ಡಾಲರ್ ಹತ್ತು ದಿನಕ್ಕೆ ಸುಮಾರು 8,200 ಆಗುತ್ತದೆ. ಮೂವತ್ತು ದಿನಕ್ಕೆ ಸುಮಾರು 5,500. ಮೂವತ್ತೈದನೆಯ ದಿನಕ್ಕೆ ಅರ್ಧದಷ್ಟೂ ಉಳಿಯದು. ಅದೇ ಮನೆಯ ಅಜ್ಜಿ ಮೊದಲ ದಿನ ಐದೂ ಕಂಪನಿಗಳಲ್ಲಿ ಸಮನಾಗಿ ಹಣ ಹಾಕಿ ಜಪಮಾಲೆ ಹಿಡಿದು ಕುಳಿತರೆ, ಅವರು ತೆರುವುದು ಒಂದೇ ಬಾರಿಯ ಸುಮಾರು ನೂರು ಡಾಲರ್. ಯಾವುದೋ ಒಂದು ಸಂಜೆ ಮೊಮ್ಮಗ ಅಜ್ಜಿಯನ್ನು ಮೀರಿಸಬಹುದು. ಆದರೆ ಅವನು ಪ್ರತಿದಿನವೂ ನೂರಕ್ಕೆ ಎರಡನ್ನು ಮೊದಲು ಗೆದ್ದು, ಆಮೇಲೆ ಲಾಭದ ಮಾತು ಆಡಬೇಕು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿಯೂ ನಿಜ. ಹಳ್ಳ ತುಂಬುವುದು ಮಾತ್ರ ಬೇರೆಯವರ ಹೊಲದಲ್ಲಿ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ನಿಜವಾದ ಷೇರುಪೇಟೆ ಬರಿಯ ದಾಳದಾಟವೆ? ಖಂಡಿತ ಅಲ್ಲ. ನಿಜವಾದ ಷೇರೆಂಬುದು ಒಂದು ಉದ್ಯಮದಲ್ಲಿ ಪಾಲು. ಅದರ ಹಿಂದೆ ಕಾರ್ಖಾನೆಯುಂಟು, ದುಡಿಯುವ ಕೈಗಳುಂಟು, ಮಾರಾಟವಾಗುವ ಸರಕುಂಟು. ಲಾಭ ಬಂದ ವರ್ಷ ಪಾಲುದಾರನಿಗೆ ಲಾಭಾಂಶವೂ ದೊರೆಯಬಹುದು. ಹುಡುಗಿಯ ಮಾದರಿಯಾದ ಆಟದಲ್ಲಿ ಇವಾವುವೂ ಇಲ್ಲ. ಲಾಭಾಂಶವಿಲ್ಲ, ಸರಕಿಲ್ಲ, ಜನರಿಲ್ಲ. ಬೆಲೆ ಮಾತ್ರ ಇದೆ. ಆಟದ ಕೊರತೆ ಇದೇ. ಅದು ಕಲಿಸುವ ದೊಡ್ಡ ಪಾಠವೂ ಇದೇ. ನಿಜವಾದ ಪೇಟೆಗೆ ಹೋಗಿ, ಕಂಪನಿ ಏನು ತಯಾರಿಸುತ್ತದೆಂಬುದನ್ನೂ ವಿಚಾರಿಸದೆ, ಗಂಟೆಗೊಮ್ಮೆ ಬೆಲೆಯನ್ನು ಮಾತ್ರ ನೋಡುತ್ತ ಕೊಂಡು ಮಾರುವವನು, ಪೇಟೆಯೊಳಗಿನ ಉದ್ಯಮವನ್ನೆಲ್ಲ ಹೊರಗೆಸೆದು ದಾಳವನ್ನಷ್ಟೇ ಉಳಿಸಿಕೊಂಡಿದ್ದಾನೆ. ತಾನು ಹೂಡಿಕೆ ಮಾಡುತ್ತಿದ್ದೇನೆಂದು ಅವನ ಭಾವನೆ. ಆಡುತ್ತಿರುವುದು ಅರ್ಧ ಶತಮಾನದ ಹಿಂದಿನ ಆ ಆಟವನ್ನೇ. ಒಂದು ವ್ಯತ್ಯಾಸ: ಆ ಹತ್ತು ಸಾವಿರ ಕಾಗದದ್ದು, ಇದು ಸಂಸಾರದ್ದು.

ಇದರ ಬೆಲೆ ಎಷ್ಟೆಂಬುದಕ್ಕೆ ಭಾರತದಲ್ಲಿಯೇ ಲೆಕ್ಕವುಂಟು. ಮುಂದಿನ ದಿನಗಳ ಬೆಲೆಯ ಮೇಲೆ ಕರಾರು ಮಾಡಿಕೊಳ್ಳುವ ‘ಫ್ಯೂಚರ್ಸ್’ ಮತ್ತು ‘ಆಪ್ಷನ್ಸ್’ ವ್ಯವಹಾರವನ್ನು ಕುರಿತು, ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ‘ಸೆಬಿ’ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ಬಿಡಿ ವ್ಯಕ್ತಿಗಳ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಹೆಚ್ಚು. ಕಮಿಷನ್ನು ಮುಂತಾದ ವೆಚ್ಚಗಳಿಗೇ ಅವರು ತೆತ್ತದ್ದು ಸುಮಾರು 50,000 ಕೋಟಿ ರೂಪಾಯಿ. 2023-24ರಲ್ಲಿ ಈ ವ್ಯವಹಾರ ಮಾಡಿದವರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರ್ಷ ತುಂಬದ ತರುಣರು. ಧರ್ಮರಾಯನೂ ಪಗಡೆಗೆ ಕುಳಿತಾಗ, ಮುಂದಿನ ದಾಳ ತನ್ನದೆಂದೇ ನಂಬಿದ್ದನಲ್ಲವೆ?

ಹಾಗೆಂದು ಮನೆಯ ಮಕ್ಕಳು ಇಂಥ ಆಟದ ಕಡೆಗೆ ತಲೆಹಾಕಬಾರದೆಂದರೆ ಅದು ತಪ್ಪಾದೀತು. ಆಡುವುದಕ್ಕೂ ಕಟ್ಟುವುದಕ್ಕೂ ಬಹಳ ಅಂತರವುಂಟು. ಸಿದ್ಧವಾದ ಆಟವನ್ನು ಆಡುವವನಿಗೆ ಸೋಲು ಗೆಲುವುಗಳು ಮಾತ್ರ ಕಾಣುತ್ತವೆ. ಅದನ್ನು ತಾನೇ ಕುಳಿತು ಬರೆಯುವ ಹುಡುಗಿ ಬೆಲೆಯನ್ನು ಹುಟ್ಟಿಸುವ ಸಾಲಿಗೆ ಬಂದಾಗ, ಅಲ್ಲಿ ಏನನ್ನಾದರೂ ಬರೆಯಲೇಬೇಕು. ಬೆಲೆ ಏಕೆ ಏರುತ್ತದೆಂಬ ಪ್ರಶ್ನೆಯನ್ನು ಅವಳು ಎದುರಿಸಲೇಬೇಕು. ತನಗೆ ಗೊತ್ತಿಲ್ಲದ ಕಡೆ ಅವಳು ದಾಳವನ್ನಿಡುತ್ತಾಳೆ. ಅಲ್ಲಿ ತನಗೆ ಗೊತ್ತಿಲ್ಲವೆಂಬುದನ್ನು ಮರೆಯುವುದಿಲ್ಲ. ಈ ವಿನಯ ದೊಡ್ಡವರಿಗೆ ಲಕ್ಷ ರೂಪಾಯಿ ಕಳೆದ ಮೇಲೆ ಬರುವಂಥದ್ದು. ಹುಡುಗಿಗೆ ಅದು ಒಂದು ವಾರದ ಬಿಡುವಿನಲ್ಲಿ ದೊರೆಯಿತು.

ಮತ್ತೆ ಆ ನಡುಮನೆಗೆ ಬಂದರೆ, ಮೂವತ್ತನೆಯ ದಿನದ ವ್ಯಾಪಾರ ಮುಗಿದಿತ್ತು. ಚಿಕ್ಕಪ್ಪನ ಹತ್ತು ಸಾವಿರ 9,140ಕ್ಕೆ ಬಂದು ನಿಂತಿತ್ತು. ಹೆಚ್ಚು ದಿನ ಗೆದ್ದವನು ತಾನೇ. ಆದರೂ ಹಣ ಹೇಗೆ ಕಡಿಮೆಯಾಯಿತೆಂದು ಅವನಿಗೆ ಬಗೆಹರಿಯಲಿಲ್ಲ. ಹುಡುಗಿ ಏನೂ ಹೇಳದೆ ಆಟದ ಬರಹವನ್ನು ತೆರೆದು ಎರಡು ಸಾಲು ಸೇರಿಸಿ, ಮೂವತ್ತು ದಿನ ಅವನು ಕೊಂಡದ್ದನ್ನೂ ಮಾರಿದ್ದನ್ನೂ ಮತ್ತೊಮ್ಮೆ ಹಾಯಿಸಿದಳು. ಕೊನೆಯಲ್ಲಿ ಹೊಸದೊಂದು ಅಂಕಿ ಮೂಡಿತು: ತೆತ್ತ ಕಮಿಷನ್ನು, 2,315.

ಚಿಕ್ಕಪ್ಪ ಬಹಳ ಹೊತ್ತು ಅದನ್ನು ನೋಡಿದ.

“ಇಷ್ಟು ಹಣ ಹೋದದ್ದು ನನಗೆ ಕಾಣಲೇ ಇಲ್ಲವಲ್ಲೇ?”

“ಮೊದಲಿನಿಂದಲೂ ಹೋಗುತ್ತಲೇ ಇತ್ತು, ಚಿಕ್ಕಪ್ಪ. ತೋರಿಸು ಎಂದು ನಾನು ಬರೆದಿರಲಿಲ್ಲ, ಅಷ್ಟೆ.”

ಅವನು ಜೇಬಿನಿಂದ ಫೋನನ್ನು ಹೊರತೆಗೆದ. ಯಾವುದೋ ಪುಟವನ್ನು ಹುಡುಕಿ, ಕಣ್ಣು ಕಿರಿದುಮಾಡಿ ಓದಿದ. ಆಮೇಲೆ ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, “ಬೆಲೆ ಹುಟ್ಟುವ ಸಾಲು ಯಾವುದು, ತೋರಿಸಮ್ಮ,” ಎಂದ.