ಬಾಯಿಬಿಡದ ಬೇನೆ

ನಾಲ್ಕು ಮಂದಿ ಹಿರಿಯರು ಕಲೆತ ಕಡೆ ಕಾಯಿಲೆಯ ಮಾತು ಬಾರದೆ ಹೋಗುವುದು ಅಪರೂಪ. ಒಬ್ಬರು ತಮ್ಮ ಸಕ್ಕರೆಯ ಅಂಶ ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು ಎಂಬುದನ್ನು ಪಂಚಾಂಗ ಓದಿದಂತೆ ಒಪ್ಪಿಸುತ್ತಾರೆ. ಇನ್ನೊಬ್ಬರು ಮಂಡಿನೋವಿನ ಪುರಾಣಕ್ಕೆ ಪೀಠಿಕೆ ಹಾಕುತ್ತಾರೆ. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಅದನ್ನು ಸನ್ಮಾನದ ಶಾಲಿನಂತೆ ಹೊದ್ದುಕೊಂಡೇ ಮಾತಿಗೆ ತೊಡಗುತ್ತಾರೆ. ಹೇಳುವವರಿಗೆ ನಾಚಿಕೆಯಿಲ್ಲ, ಕೇಳುವವರಿಗೆ ಬೇಸರವಿಲ್ಲ. ಆದರೆ ಇದೇ ಗುಂಪಿನಲ್ಲಿ ಯಾರೊಬ್ಬರೂ ಬಾಯಿಬಿಟ್ಟು ಹೇಳದ ಬೇನೆಯೊಂದುಂಟು. ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ, ಮೂತ್ರ ಸಲೀಸಾಗಿ ಹೋಗುವುದಿಲ್ಲ, ಹೋದರೂ ಪೂರ್ತಿಯಾಯಿತೆಂಬ ನೆಮ್ಮದಿಯಿಲ್ಲ ಎಂಬ ಸಂಗತಿ ಹೆಂಡತಿಗೆ ಗೊತ್ತಿರಬಹುದು. ಗೆಳೆಯರಿಗೆ ಗೊತ್ತಾಗದು, ಮಕ್ಕಳಿಗೆ ಗೊತ್ತಾಗಕೂಡದು. ವೈದ್ಯರಿಗೆ ಗೊತ್ತಾಗುವುದೂ ಎಷ್ಟೋ ವೇಳೆ ಎಲ್ಲರಿಗಿಂತ ಕೊನೆಗೆ.

ಈ ತೊಂದರೆಯ ನೆಲೆ ಪ್ರಾಸ್ಟೇಟ್ ಎಂಬ ಗ್ರಂಥಿ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದು ಕುಳಿತಿರುವ ಇದು ಪ್ರಾಯದಲ್ಲಿ ಒಂದು ಅಕ್ರೋಟು ಕಾಯಿಯಷ್ಟು ದೊಡ್ಡದು. ವೀರ್ಯದ ದ್ರವಭಾಗದಲ್ಲಿ ಒಂದು ಪಾಲನ್ನು ಒದಗಿಸುವುದು ಇದರ ಕೆಲಸ. ಗ್ರೀಕರು ಇದಕ್ಕಿಟ್ಟ ಹೆಸರಿನ ಅರ್ಥ ‘ಮುಂದೆ ನಿಂತವನು’ ಎಂದು. ಸಂಸ್ಕೃತದಿಂದ ಕಟ್ಟಿದ ‘ಪುರಸ್ಥ ಗ್ರಂಥಿ’ ಎಂಬ ಹೆಸರೂ ಅದನ್ನೇ ಹೇಳುತ್ತದೆ. ಮುಂದೆ ನಿಂತವನೆಂಬ ಬಿರುದು ಹೊತ್ತ ಈ ಅಂಗವನ್ನು ಮಾತಿನಲ್ಲಿ ಮಾತ್ರ ಯಾರೂ ಮುಂದಕ್ಕೆ ತಾರರು. ವಯಸ್ಸಾದಂತೆ ಈ ಗ್ರಂಥಿ ಹಿಗ್ಗುವುದು ಬಹುಮಟ್ಟಿಗೆ ಸಹಜ. ಆ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೋ ಮೊದಮೊದಲು ಸಾಮಾನ್ಯವಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ಆದುದರಿಂದ ತೊಂದರೆಯಿರುವವರೆಲ್ಲ ಹೆದರಬೇಕಾಗಿಲ್ಲ. ತೊಂದರೆಯಿಲ್ಲವೆಂದು ಎಲ್ಲರೂ ನಿಶ್ಚಿಂತರಾಗಿರುವಂತೆಯೂ ಇಲ್ಲ. ಇದು ತಿಳಿಯಬೇಕಾದ ಮೊದಲ ಸಂಗತಿ, ಮತ್ತು ಬಹುಮಂದಿಗೆ ತಿಳಿಯದ ಸಂಗತಿ.

ನನ್ನೊಡನೆ ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿದ ಮಿತ್ರರೊಬ್ಬರು ಊರಿನ ಯಾವ ಸಾಹಿತ್ಯಗೋಷ್ಠಿಯನ್ನೂ ತಪ್ಪಿಸಿದವರಲ್ಲ. ನಿವೃತ್ತರಾದ ಕೆಲವು ಕಾಲದ ಮೇಲೆ ಬರುವುದನ್ನೇ ಬಿಟ್ಟರು. ಮುನಿಸೆಂದರು ಕೆಲವರು, ಹಮ್ಮೆಂದರು ಕೆಲವರು. ಎರಡು ವರ್ಷ ಕಳೆದ ಬಳಿಕ ಒಂದು ದಿನ ನನ್ನೊಬ್ಬನ ಮುಂದೆ ಹೇಳಿದರು: “ಹಿರಿಯರೆಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕವಿತೆ ಓದುತ್ತಿರುವಾಗ ಅರ್ಧ ಗಂಟೆಗೊಮ್ಮೆ ಎದ್ದು ಹೋಗುವುದು ಹೇಗೆ, ನೀವೇ ಹೇಳಿ ಸ್ವಾಮಿ.” ಪರೀಕ್ಷೆ ಮಾಡಿಸಿದರು, ಬರಿಯ ಹಿಗ್ಗುವಿಕೆ ಎಂದಾಯಿತು, ಮಾತ್ರೆಯಿಂದ ಗುಣ ಕಂಡಿತು. ಈಗ ಗೋಷ್ಠಿಗೆ ಬರುತ್ತಾರೆ, ಸಾಲಿನ ಕೊನೆಯ ಕುರ್ಚಿಯನ್ನು ತಾವೇ ಕೇಳಿ ಪಡೆಯುತ್ತಾರೆ. ಎರಡು ವರ್ಷದ ಮೌನಕ್ಕೆ ಅವರು ತೆತ್ತ ಬೆಲೆ ಕೆಲವು ಗೋಷ್ಠಿಗಳು ಮಾತ್ರ. ಒಳಗಿದ್ದುದು ಕ್ಯಾನ್ಸರಾಗಿದ್ದಿದ್ದರೆ ಬೆಲೆ ಬೇರೆಯಾಗುತ್ತಿತ್ತು.

ಈ ಸಂಕೋಚ ನಮ್ಮ ನಾಡಿನದೊಂದೇ ಎಂದು ಭಾವಿಸಬೇಕಾಗಿಲ್ಲ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಫ್ರಾಂಸ್ವಾ ಮಿತೆರಾಂ ಅವರ ಕಥೆ ಇದಕ್ಕೆ ದೊಡ್ಡ ನಿದರ್ಶನ. ತಮ್ಮ ಆರೋಗ್ಯದ ವರದಿಯನ್ನು ಕಾಲಕಾಲಕ್ಕೆ ಪ್ರಜೆಗಳ ಮುಂದಿಡುವುದಾಗಿ ಮಾತು ಕೊಟ್ಟವರು ಅವರು. 1981ರ ಮೇ ತಿಂಗಳಲ್ಲಿ ಚುನಾಯಿತರಾದರು. ಅದೇ ವರ್ಷದ ನವೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿನವರೆಗೆ ಹರಡಿದೆಯೆಂದು ತಿಳಿದುಬಂತು. ಆರೋಗ್ಯದ ವರದಿಗಳು ಹೊರಬೀಳುತ್ತಲೇ ಇದ್ದವು. ರೋಗದ ಹೆಸರು ಮಾತ್ರ ಅವುಗಳಲ್ಲಿ ಇರಲಿಲ್ಲ. ಸತ್ಯ ಪ್ರಕಟವಾದದ್ದು ಹನ್ನೊಂದು ವರ್ಷದ ಮೇಲೆ, 1992ರಲ್ಲಿ. 1996ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ವೈದ್ಯರಾಗಿದ್ದ ಕ್ಲೋದ್ ಗ್ಯುಬ್ಲರ್ ಎಲ್ಲವನ್ನೂ ಪುಸ್ತಕವಾಗಿ ಬರೆದು ಹೊರತಂದರು. ನ್ಯಾಯಾಲಯ ಅದರ ಮಾರಾಟವನ್ನು ತಡೆಯಿತು. ರೋಗಿ ಮೌನದಿಂದಿದ್ದುದಲ್ಲದೆ ರೋಗಿಯ ನೆನಪೂ ಮೌನದ ಕಾವಲಿನಲ್ಲಿ ಇರಬೇಕಾಗಿ ಬಂದದ್ದು ವಿಚಿತ್ರವಲ್ಲವೆ?

ಕಾಲ ಬದಲಾಯಿತಲ್ಲ ಎನ್ನುವವರು 2024ರ ಪ್ರಸಂಗವೊಂದನ್ನು ನೆನೆಯಬೇಕು. ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರ್ 22ರಂದು ಇದೇ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ತೊಡಕುಂಟಾಗಿ ಹೊಸ ವರ್ಷದ ಮೊದಲ ದಿನವೇ ಮತ್ತೆ ಆಸ್ಪತ್ರೆ ಸೇರಿದರು. ರಾಷ್ಟ್ರಾಧ್ಯಕ್ಷರಿಗೇ ಆ ವಿಷಯ ಕೆಲವು ದಿನ ತಿಳಿಯಲಿಲ್ಲ. ರೋಗದ ಹೆಸರು ಬಯಲಾದದ್ದು ಜನವರಿ 9ಕ್ಕೆ. ಜಗತ್ತಿನ ಅತ್ಯಂತ ಬಲಿಷ್ಠ ಸೈನ್ಯವನ್ನು ನಡೆಸುತ್ತಿದ್ದ ಸೇನಾನಿ ತನ್ನ ದೇಹದ ಒಂದು ಪುಟ್ಟ ಗ್ರಂಥಿಯ ಹೆಸರು ಹೇಳಲು ಹಿಂಜರಿದ. ಫೆಬ್ರವರಿಯಲ್ಲಿ ಅವರು ಪತ್ರಕರ್ತರ ಮುಂದೆ ನಿಂತು ಕ್ಷಮೆ ಕೇಳಿದರು. ಅದು ಅವರ ದೊಡ್ಡತನ. ಆದರೆ ಆ ಹಿಂಜರಿಕೆ ಎಷ್ಟು ಆಳದ್ದೆಂಬುದನ್ನು ಆ ಘಟನೆ ಎಲ್ಲರಿಗೂ ತೋರಿಸಿಬಿಟ್ಟಿತು.

ಬಾಯಿಬಿಟ್ಟವರೂ ಉಂಟು. ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ, ಈ ರೋಗ ಬಂದಿದೆಯೆಂಬ ಸುದ್ದಿಯನ್ನು ಯಾರೂ ಮುಚ್ಚಿಡಲಿಲ್ಲ. ವಿಕಿರಣ ಚಿಕಿತ್ಸೆ ಪಡೆದು ಮತ್ತೆ ಹನ್ನೆರಡು ವರ್ಷ ಬಾಳಿದರು. ಇಂಗ್ಲೆಂಡಿನ ನಟ ಹಾಗೂ ಲೇಖಕ ಸ್ಟೀಫನ್ ಫ್ರೈ 2018ರ ಫೆಬ್ರವರಿಯಲ್ಲಿ ತಮಗಾದ ಶಸ್ತ್ರಚಿಕಿತ್ಸೆಯ ವಿಷಯವನ್ನು ತಾವೇ ಹೇಳಿಕೊಂಡರು. ಮರುತಿಂಗಳು ವಾರ್ತಾವಾಚಕ ಬಿಲ್ ಟರ್ನ್‌ಬುಲ್ ಕೂಡ ಹೇಳಿದರು. ಅದರ ಪರಿಣಾಮ ಅಲ್ಲಿಯ ಆಸ್ಪತ್ರೆಗಳ ಲೆಕ್ಕಪುಸ್ತಕದಲ್ಲಿ ಕಾಣಿಸಿತು. ಆ ವರ್ಷದ ಏಪ್ರಿಲಿನಿಂದ ಜುಲೈವರೆಗೆ ಮೂತ್ರಾಂಗಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಹಿಂದಿನ ವರ್ಷಕ್ಕಿಂತ ಮೂರರಲ್ಲೊಂದು ಪಾಲಿಗೂ ಮೀರಿ ಹೆಚ್ಚಾದರು. ಟರ್ನ್‌ಬುಲ್ 2022ರಲ್ಲಿ ತೀರಿಕೊಂಡರು. ಅವರಿಗೆ ತಡವಾಗಿತ್ತು, ಅವರ ಮಾತು ಕೇಳಿದವರಲ್ಲಿ ಅನೇಕರಿಗೆ ತಡವಾಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಿ ‘ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಡಂಗುರ ಹೊಡೆದರೆ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಆದರೆ ವಿಷಯ ಅಷ್ಟು ಸರಳವಲ್ಲ. ಅದರ ತೊಡಕಿನಲ್ಲಿಯೇ ನನ್ನ ವಾದದ ತಿರುಳಿದೆ. ಪಿಎಸ್ಎ ಎಂಬ ರಕ್ತಪರೀಕ್ಷೆಯೊಂದುಂಟು. ಈ ಗ್ರಂಥಿಯಿಂದ ಹೊರಟು ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಪ್ರಮಾಣವನ್ನು ಅದು ಅಳೆಯುತ್ತದೆ. ಕ್ಯಾನ್ಸರಿನಲ್ಲಿ ಅದು ಏರಬಹುದು. ಬರಿಯ ಹಿಗ್ಗುವಿಕೆಯಲ್ಲಿಯೂ, ಸೋಂಕಿನಲ್ಲಿಯೂ ಏರಬಹುದು. ಅಂದಮೇಲೆ ಅದೊಂದು ಸುಳಿವೇ ಹೊರತು ತೀರ್ಪಲ್ಲ. ಪ್ರಾಸ್ಟೇಟಿನ ಪ್ರತಿಜನಕವನ್ನು 1970ರಲ್ಲಿ ಗುರುತಿಸಿದ ರಿಚರ್ಡ್ ಆಬ್ಲಿನ್ ಎಂಬ ವಿಜ್ಞಾನಿಯೇ 2010ರಲ್ಲಿ, ಈ ಪರೀಕ್ಷೆಯನ್ನು ಕಂಡಕಂಡವರಿಗೆಲ್ಲ ಮಾಡುವುದನ್ನು ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. ಈ ಕ್ಯಾನ್ಸರುಗಳಲ್ಲಿ ಹಲವು ಆಮೆಯ ನಡಿಗೆಯವು. ಅವುಗಳಿಂದ ಸಾಯುವ ಮೊದಲೇ ಮನುಷ್ಯ ಬೇರೆ ಕಾರಣದಿಂದ ಸಾಯುತ್ತಾನೆ. ಅಂಥವನ್ನು ಹುಡುಕಿ ತೆಗೆದು ಕತ್ತರಿಸಿದರೆ ಲಾಭಕ್ಕಿಂತ ನೋವೇ ಹೆಚ್ಚು. ಅಮೆರಿಕದ ತಜ್ಞರ ಮಂಡಲಿ 2012ರಲ್ಲಿ ಈ ಸಾಮೂಹಿಕ ತಪಾಸಣೆ ಬೇಡವೆಂದಿತು. 2018ರಲ್ಲಿ ಅದನ್ನು ತಿದ್ದಿ, 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ ಎಂದಿತು.

ಲಾಭವಿಲ್ಲವೇ ಇಲ್ಲವೆಂದಲ್ಲ. ಯೂರೋಪಿನ ಹಲವು ದೇಶಗಳಲ್ಲಿ 1,62,000 ಗಂಡಸರನ್ನು ಆರಿಸಿಕೊಂಡು ನಡೆಸಿದ ಸಂಶೋಧನೆಯ 23 ವರ್ಷದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆಯಲ್ಪಟ್ಟವರಲ್ಲಿ ಈ ರೋಗದಿಂದಾದ ಸಾವು ಶೇಕಡಾ 13ರಷ್ಟು ಕಡಮೆ. 456 ಮಂದಿಯನ್ನು ಕರೆದರೆ ಒಂದು ಸಾವು ತಪ್ಪುತ್ತದೆ ಎಂದು ಲೆಕ್ಕ. ಇದನ್ನು ಅಲ್ಪವೆನ್ನುವವರೂ ಇರಬಹುದು; ತಪ್ಪಿದ ಆ ಒಂದು ಸಾವು ನಮ್ಮ ಮನೆಯದಾದರೆ ಅಲ್ಪವೆನ್ನಲು ನಾಲಗೆ ಬಾರದು.

ಚಿಕಿತ್ಸೆಯಲ್ಲಿಯೂ ಹೀಗೆಯೇ. ಗ್ರಂಥಿಯನ್ನು ಮೀರಿ ಹರಡದ ಕ್ಯಾನ್ಸರ್ ಇದ್ದ 1,643 ಮಂದಿಯನ್ನು ಬ್ರಿಟನ್ನಿನಲ್ಲಿ ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾಯುವ ಕ್ರಮವನ್ನು ಗೊತ್ತುಮಾಡಿದರು. 2023ರಲ್ಲಿ ಬಂದ ವರದಿಯಂತೆ, ಹದಿನೈದು ವರ್ಷದ ಬಳಿಕ ಈ ರೋಗದಿಂದ ಸತ್ತವರು ಮೂರು ಗುಂಪಿನಲ್ಲಿಯೂ ನೂರಕ್ಕೆ ಸುಮಾರು ಮೂವರು. ಆದರೆ ಕಾದವರಲ್ಲಿ ರೋಗ ಹರಡಿದ್ದು ಉಳಿದವರಿಗಿಂತ ಹೆಚ್ಚು; ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರದ ಹಿಡಿತ ತಪ್ಪುವುದೂ ನಿಮಿರುವ ಶಕ್ತಿ ಕುಂದುವುದೂ ಹೆಚ್ಚು. ಹಾಗಾದರೆ ಯಾವುದು ಮೇಲು? ಯಂತ್ರ ಹೇಳಲಾರದು, ವೈದ್ಯನೊಬ್ಬನೇ ಹೇಳಲಾರ. ದಾಂಪತ್ಯಸುಖ ನನಗೆಷ್ಟು ಮುಖ್ಯ, ಒಳಗೆ ರೋಗವಿದೆಯೆಂದು ತಿಳಿದೂ ನಿದ್ರೆ ಮಾಡುವ ಧೈರ್ಯ ನನಗುಂಟೇ, ಬಟ್ಟೆ ಒದ್ದೆಯಾದೀತೆಂಬ ಭಯವನ್ನು ನಾನು ಸಹಿಸಬಲ್ಲೆನೇ ಎಂಬುದನ್ನು ರೋಗಿಯೇ ಹೇಳಬೇಕು. ಹೇಳಲು ಅವನಿಗೆ ಬಾಯಿ ಬರಬೇಕು. ಉಳಿದ ಎಷ್ಟೋ ರೋಗಗಳಲ್ಲಿ ಮಾತು ಚಿಕಿತ್ಸೆಗೆ ದಾರಿ ಮಾತ್ರ. ಇಲ್ಲಿ ಮಾತು ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಬಾಯಿಬಿಡದವನ ಪರವಾಗಿ ಬೇರೆಯವರು ನಿರ್ಧರಿಸುತ್ತಾರೆ. ಆಮೇಲೆ ಅದರ ಫಲವನ್ನು ಅವನು ಮೌನವಾಗಿಯೇ ಅನುಭವಿಸುತ್ತಾನೆ.

ಸಾಹಿತ್ಯದ ಓದುಗರಿಗೆ ಇದರಲ್ಲಿ ಏನು ಪಾಲು ಎಂದು ಕೇಳಬಹುದು. ಪಾಲಿದೆ. ನ್ಯೂಯಾರ್ಕಿನ ವಿಮರ್ಶಕ ಅನಾಟೋಲ್ ಬ್ರಾಯರ್ಡ್ 1990ರಲ್ಲಿ ಇದೇ ಕ್ಯಾನ್ಸರಿನಿಂದ ಸತ್ತರು. ರೋಗ ತಿಳಿದ ಮೇಲೆ ಉಳಿದ ತಿಂಗಳುಗಳಲ್ಲಿ ಅವರು ಬರೆದ ಪ್ರಬಂಧಗಳು 1992ರಲ್ಲಿ ಪುಸ್ತಕವಾದವು. ವೈದ್ಯ ತನ್ನ ಗ್ರಂಥಿಯನ್ನು ಪರೀಕ್ಷಿಸಿದಂತೆ ತನ್ನ ಮನಸ್ಸನ್ನೂ ಓದಬೇಕೆಂದು ಬಯಸಿದ ಓದುಗ ಆತ. ನಮ್ಮಲ್ಲಿ ಬಸುರಿಯ ಬಯಕೆಗೆ ಹಾಡುಂಟು, ಬಾಣಂತಿಯ ಬೇನೆಗೆ ಮಾತುಂಟು. ಗಂಡಸಿನ ದೇಹವೋ, ಶೌರ್ಯದ ವರ್ಣನೆ ಮುಗಿದೊಡನೆ ಪದ್ಯದಿಂದಲೇ ಮರೆಯಾಗುತ್ತದೆ. ಮುಪ್ಪು ಬಂದರೆ ನರೆಗೂದಲು, ನಡುಗುವ ಕೈ, ಅಷ್ಟೆ. ಹೊಟ್ಟೆಯ ಕೆಳಗಿನ ಮುಪ್ಪಿಗೆ ಇರುವ ಮಾತು ಎರಡೇ: ಒಂದು ಹಾಸ್ಯದ ಅಶ್ಲೀಲ, ಇನ್ನೊಂದು ಆಸ್ಪತ್ರೆಯ ಇಂಗ್ಲಿಷು. ಇವೆರಡರ ನಡುವೆ, ಮರ್ಯಾದಸ್ಥನೊಬ್ಬ ತನ್ನ ಹೆಂಡತಿಯೊಡನೆ, ಮಗನೊಡನೆ, ವೈದ್ಯರೊಡನೆ ಆಡಬಹುದಾದ ಸಭ್ಯವಾದ ತಿಳಿಗನ್ನಡ ಬೇಕಾಗಿದೆ. ಮಾತು ಹುಟ್ಟುವುದು ನಿಘಂಟಿನಲ್ಲಲ್ಲ, ಬಳಕೆಯಲ್ಲಿ.

ಮಗನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗವಿದ್ದವನಿಗೆ ಅದು ಬರುವ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿ. ಸ್ತನದ ಕ್ಯಾನ್ಸರಿಗೆ ಕಾರಣವಾಗುವ ಬಿಆರ್‌ಸಿಎ2 ಎಂಬ ವಂಶವಾಹಿಯ ದೋಷವೂ ಗಂಡುಮಕ್ಕಳಲ್ಲಿ ಈ ರೋಗವನ್ನು ತರಬಲ್ಲುದು; ಅಂದರೆ ತಾಯಿಯ ಕಡೆಯ ಸುದ್ದಿಯೂ ತಿಳಿದಿರಬೇಕು. ಐವತ್ತು ದಾಟಿದವರು ವೈದ್ಯರೊಡನೆ ಈ ಪರೀಕ್ಷೆಯ ಮಾತೆತ್ತುವುದು ಲೇಸು. ಮನೆತನದಲ್ಲಿ ರೋಗವಿದ್ದರೆ ನಲವತ್ತೈದಕ್ಕೇ. ಆದರೆ ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ’ ಎಂದು ವೈದ್ಯರು ಕೇಳಿದಾಗ, ತಂದೆ ಮುಚ್ಚಿಟ್ಟದ್ದನ್ನು ಮಗ ಹೇಗೆ ಹೇಳಿಯಾನು? ತನ್ನ ಮಾನಕ್ಕಾಗಿ ಕಾಪಾಡಿದ ಗುಟ್ಟು ಮಗನ ಪಾಲಿಗೆ ಸಾಲವಾಗಿ ಉಳಿಯುತ್ತದೆ.

ಜಗತ್ತಿನಲ್ಲಿ 2020ರಲ್ಲಿ ಸುಮಾರು 14 ಲಕ್ಷವಿದ್ದ ಹೊಸ ರೋಗಿಗಳು 2040ರ ವೇಳೆಗೆ ವರ್ಷಕ್ಕೆ 29 ಲಕ್ಷವಾಗಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಅಂದಾಜು ಮಾಡಿತು. ಆಯುಸ್ಸು ಬೆಳೆದಂತೆ ಈ ರೋಗವೂ ಬೆಳೆಯುತ್ತದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಮುಖ್ಯ ಕ್ಯಾನ್ಸರುಗಳ ಪಟ್ಟಿಗೆ ಇದು ಸೇರಿಹೋಗಿದೆ. ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಯನ್ನು ಸರ್ಕಾರ ಕಟ್ಟಬಲ್ಲುದು. ಅದರ ಬಾಗಿಲಿನವರೆಗೆ ಮನುಷ್ಯನನ್ನು ಕರೆತರುವ ಮಾತನ್ನು ಮಾತ್ರ ನಾವೇ ಆಡಬೇಕು.

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆ ಜಗಳಕ್ಕೆ ಸರಿ, ರೋಗಕ್ಕೆ ಸಲ್ಲದು. ಅಧ್ಯಾಪಕ ಮಿತ್ರರು ತಮ್ಮ ವಿಶ್ರಾಂತಿಯ ಕೊಠಡಿಯಲ್ಲಿ ಸಕ್ಕರೆಯ ಲೆಕ್ಕದ ಜೊತೆಗೆ ಇದನ್ನೂ ಒಮ್ಮೆ ಪ್ರಸ್ತಾಪಿಸಲಿ. ಮೊದಲು ಆಡುವವರಿಗೆ ಮಾತ್ರ ಕಷ್ಟ, ಎರಡನೆಯವರು ಕಾದೇ ಇರುತ್ತಾರೆ. ವಿದ್ಯಾರ್ಥಿಗಳು ತಮ್ಮ ತಂದೆಯನ್ನು ಕೇಳಲಿ: “ಅಪ್ಪಾ, ರಾತ್ರಿ ಎಷ್ಟು ಸಲ ಏಳುತ್ತೀರಿ?” ಉತ್ತರ ಕೂಡಲೇ ಬಾರದಿದ್ದರೂ, ಕೇಳಬಹುದಾದ ಪ್ರಶ್ನೆ ಇದೆಂಬುದು ಇಬ್ಬರಿಗೂ ಗೊತ್ತಾಗುತ್ತದೆ.