ಜುಟ್ಟಿನ ಮಲ್ಲಿಗೆ ಮತ್ತು ಐದನೆಯ ಆಯ್ಕೆ

ಕ್ಯಾಲಿಫೋರ್ನಿಯಾದ ಇಂಗಲ್‌ವುಡ್, 2022ರ ಫೆಬ್ರುವರಿ 13. ಐವತ್ತಾರನೆಯ ಸೂಪರ್ ಬೌಲ್ ಮುಗಿಯಲು ಒಂದು ನಿಮಿಷವೂ ಉಳಿದಿಲ್ಲ. ಲಾಸ್ ಏಂಜಲೀಸ್ ರ್‍ಯಾಮ್ಸ್ 23, ಸಿನ್ಸಿನಾಟಿ ಬೆಂಗಾಲ್ಸ್ 20. ನಾಲ್ಕನೆಯ, ಅಂದರೆ ಕೊನೆಯ ಯತ್ನ. ಬೆಂಗಾಲ್ಸ್‌ಗೆ ಬೇಕಿದ್ದದ್ದು ಒಂದೇ ಒಂದು ಯಾರ್ಡ್. ಕ್ವಾರ್ಟರ್‌ಬ್ಯಾಕ್ ಜೋ ಬರೊ ಚೆಂಡು ಹಿಡಿದು ಹಿಂದೆ ಸರಿಯುವಷ್ಟರಲ್ಲಿ ಎದುರಾಳಿ ದೈತ್ಯ ಆ್ಯರನ್ ಡೊನಾಲ್ಡ್ ರಕ್ಷಣಾ ಗೋಡೆ ಸೀಳಿ ಬಂದು ಅವರನ್ನು ಬುಗುರಿಯಂತೆ ತಿರುಗಿಸಿಬಿಟ್ಟರು. ಬೀಳುತ್ತ ಬೀಳುತ್ತ ಬರೊ ಎಸೆದ ಚೆಂಡು ಯಾರ ಕೈಗೂ ಸಿಗಲಿಲ್ಲ. ಅದೇ ಹೊತ್ತಿಗೆ ಅಂಗಳದ ಇನ್ನೊಂದು ಕಡೆ, ಮುಂದೆ ಬಲು ದೂರದಲ್ಲಿ, ಜಮಾರ್ ಚೇಸ್ ತನಗೆ ಕಾವಲಿದ್ದ ಜೇಲನ್ ರಾಮ್ಸಿಯನ್ನು ಹಿಂದೆ ಹಾಕಿ ಓಡುತ್ತಿದ್ದರು. ಇನ್ನೊಂದು ಕ್ಷಣ ಸಿಕ್ಕಿದ್ದರೆ ಆ ಚೆಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಊಹಿಸಲು ಪರಿಣತರೇ ಬೇಕಾಗಿಲ್ಲ.

ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳು ಪ್ರತಿ ವಸಂತದಲ್ಲೂ ಆಡುವ ಜಗಳವೊಂದರ ಇಡೀ ವಾದ-ಪ್ರತಿವಾದ ಈ ಒಂದು ಚಿತ್ರದಲ್ಲಿದೆ. ಡ್ರಾಫ್ಟ್‌ನಲ್ಲಿ ನಿಮ್ಮ ತಂಡಕ್ಕೆ ಮೊದಲ ಹತ್ತರೊಳಗಿನ ಆಯ್ಕೆ ಸಿಕ್ಕಿದೆ ಎನ್ನಿ. ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದು ಓಡುವ ಅಪ್ರತಿಮ ವೈಡ್ ರಿಸೀವರ್ ಒಬ್ಬ ಕಣ್ಣೆದುರಿಗಿದ್ದಾನೆ. ಅವನನ್ನು ಅಷ್ಟು ಬೇಗ ತೆಗೆದುಕೊಳ್ಳಬೇಕೇ? ಅಥವಾ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಾಗಿ ನಿಲ್ಲುವ, ಟಿ.ವಿ. ಕ್ಯಾಮೆರಾ ಅಪ್ಪಿತಪ್ಪಿಯೂ ತಿರುಗಿ ನೋಡದ, ನೂರನಲವತ್ತು-ನೂರೈವತ್ತು ಕಿಲೊ ತೂಗುವ ಟ್ಯಾಕಲ್ ಮೊದಲು ಬೇಕೇ? 2021ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿಯ ಅಭಿಮಾನಿಗಳು ಇದೇ ಪ್ರಶ್ನೆಯ ಮೇಲೆ ಇಬ್ಭಾಗವಾಗಿದ್ದರು. ಐದನೆಯ ಆಯ್ಕೆ ಅವರದು. ಒಂದು ಬಣಕ್ಕೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಚೇಸ್ ಬೇಕು, ಇನ್ನೊಂದಕ್ಕೆ ಆರೆಗನ್‌ನ ಟ್ಯಾಕಲ್ ಪೆನೇ ಸೂವೆಲ್. ಕೋವಿಡ್ ಕಾರಣಕ್ಕೆ ಇಬ್ಬರೂ ಹಿಂದಿನ ಋತುವಿನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಇದೇ ಬರೊ ಆ ಹಿಂದಿನ ನವೆಂಬರ್‌ನಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ನಮ್ಮ ಗಾದೆ ಅವರಿಗೆ ಗೊತ್ತಿದ್ದರೆ ಸೂವೆಲ್ ಬಣ ಅದನ್ನೇ ಘೋಷಣೆ ಮಾಡಿಕೊಳ್ಳುತ್ತಿತ್ತು. ಬೆಂಗಾಲ್ಸ್ ಮಲ್ಲಿಗೆಯನ್ನೇ ಕೊಂಡಿತು.

ಅದು ತಪ್ಪೆಂದು ಇಂದಿಗೂ ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಚೇಸ್ ಗಳಿಸಿದ ಯಾರ್ಡ್‌ಗಳನ್ನು ತೋರಿಸಿ ಗೆದ್ದೆವೆನ್ನುವ ಇನ್ನೊಂದು ಬಣದ ತರ್ಕವೂ ಅರ್ಧ ದಾರಿಗೇ ನಿಲ್ಲುತ್ತದೆ.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಥೈಲಿ ಬಿಚ್ಚಿದವನಿಗೆ ಆಟಗಾರ; ಇಲ್ಲಿ ಸೋತವನಿಗೆ ಮೊದಲ ಮಣೆ. 1936ರಲ್ಲಿ ಶುರುವಾದ ಪದ್ಧತಿಯ ಪ್ರಕಾರ, ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡ ಕಾಲೇಜು ಆಟಗಾರರ ಪೈಕಿ ತನಗೆ ಬೇಕಾದವನನ್ನು ಮೊದಲು ಆರಿಸಿಕೊಳ್ಳುತ್ತದೆ. ಈಗ 32 ತಂಡ, ಏಳು ಸುತ್ತು. ಆಟಗಾರನಿಗೆ ಆಯ್ಕೆಯ ಹಕ್ಕಿಲ್ಲ. ಸಂಬಳವೂ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಚರ್ಚೆಯ ಬೇರು ಅಲ್ಲಿದೆ.

ರಿಸೀವರ್‌ನನ್ನು ಬೇಗ ತೆಗೆದುಕೊಳ್ಳಬಾರದು ಎಂಬ ಹಳಬರ ಬುದ್ಧಿವಾದ ಸುಮ್ಮನೆ ಹುಟ್ಟಿದ್ದಲ್ಲ. ಡೆಟ್ರಾಯಿಟ್ ಲಯನ್ಸ್ 2003ರಲ್ಲಿ ಎರಡನೆಯ, 2004ರಲ್ಲಿ ಏಳನೆಯ, 2005ರಲ್ಲಿ ಹತ್ತನೆಯ ಆಯ್ಕೆಗಳನ್ನು ಸಾಲಾಗಿ ರಿಸೀವರ್‌ಗಳಿಗೇ ಸುರಿಯಿತು. ಚಾರ್ಲ್ಸ್ ರಾಜರ್ಸ್, ರಾಯ್ ವಿಲಿಯಮ್ಸ್, ಮೈಕ್ ವಿಲಿಯಮ್ಸ್. ನಡುವಿನವರು ಒಂದಷ್ಟು ಆಡಿದರು. ಉಳಿದಿಬ್ಬರು ನೆಲೆ ನಿಲ್ಲಲೇ ಇಲ್ಲ. 2005ರಲ್ಲಿ ಡೆಟ್ರಾಯಿಟ್ ಬಿಟ್ಟುಕೊಟ್ಟ ಮರುಕ್ಷಣವೇ, ಹನ್ನೊಂದನೆಯ ಆಯ್ಕೆಯಲ್ಲಿ, ಡಲ್ಲಾಸ್ ಕೌಬಾಯ್ಸ್ ಎತ್ತಿಕೊಂಡದ್ದು ಮುಂದೆ ಹಾಲ್ ಆಫ್ ಫೇಮ್ ಸೇರಿದ ಡಿಮಾರ್ಕಸ್ ವೇರ್ ಅವರನ್ನು. ಇಷ್ಟಾದರೂ ಬುದ್ಧಿ ಬರಲಿಲ್ಲವೆಂದು ಊರು ನಗುತ್ತಿರುವಾಗಲೇ 2007ರಲ್ಲಿ ಅದೇ ಲಯನ್ಸ್ ಎರಡನೆಯ ಆಯ್ಕೆಯಲ್ಲಿ ಕ್ಯಾಲ್ವಿನ್ ಜಾನ್ಸನ್ ಎಂಬ ಇನ್ನೊಬ್ಬ ರಿಸೀವರ್‌ನನ್ನು ತಂದಿತು. ಈ ಸಲ ಸಿಕ್ಕಿದ್ದು ಅಪ್ಪಟ ಚಿನ್ನ. 2012ರಲ್ಲಿ ಅವರು 1,964 ಯಾರ್ಡ್ ಗಳಿಸಿ ಜೆರ್‍ರಿ ರೈಸ್ ದಾಖಲೆ ಮುರಿದರು. ಆ ವರ್ಷ ಲಯನ್ಸ್ ಗೆದ್ದದ್ದು ನಾಲ್ಕು ಪಂದ್ಯ, ಸೋತದ್ದು ಹನ್ನೆರಡು. ಒಂದೂ ಪ್ಲೇಆಫ್ ಪಂದ್ಯ ಗೆಲ್ಲದೆ, ಮೂವತ್ತರ ಹರೆಯದಲ್ಲೇ ಜಾನ್ಸನ್ ಆಟಕ್ಕೆ ವಿದಾಯ ಹೇಳಿದರು. ಆಯ್ಕೆ ತಪ್ಪಿದರೂ ನಷ್ಟ, ಸರಿಯಾದರೂ ನಷ್ಟ ಎನ್ನುವಂತಾದರೆ ಅಭಿಮಾನಿ ಇನ್ನೇನು ತಾನೇ ಕಲಿಯಬೇಕು?

ಬೆಂಗಾಲ್ಸ್ ಅಭಿಮಾನಿಗಳಿಗೆ ತಮ್ಮದೇ ಗಾಯವೂ ಇತ್ತು. 2017ರಲ್ಲಿ ಅವರ ತಂಡ ಒಂಬತ್ತನೆಯ ಆಯ್ಕೆಯಲ್ಲಿ ಜಾನ್ ರಾಸ್ ಎಂಬ ರಿಸೀವರ್‌ನನ್ನು ತೆಗೆದುಕೊಂಡಿತ್ತು. 40 ಯಾರ್ಡ್‌ಗಳನ್ನು 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಬರೆದ ಹುಡುಗ. ಮೊದಲ ಋತುವಿನಲ್ಲಿ ಹಿಡಿದ ಪಾಸುಗಳ ಸಂಖ್ಯೆ ಸೊನ್ನೆ. ಹತ್ತನೆಯ ಆಯ್ಕೆಯಲ್ಲಿ ಕನ್ಸಾಸ್ ಸಿಟಿ ಚೀಫ್ಸ್ ಕರೆದ ಹೆಸರು, ಮುಂದೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್. ಅದೇ ಡ್ರಾಫ್ಟ್‌ನಲ್ಲಿ 69ನೆಯವರಾಗಿ ರ್‍ಯಾಮ್ಸ್ ಸೇರಿದ ರಿಸೀವರ್ ಕೂಪರ್ ಕಪ್, ಮೇಲೆ ಹೇಳಿದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ! ‘ಒಳ್ಳೆಯ ರಿಸೀವರ್‌ಗಳು ಕೆಳಗಿನ ಸುತ್ತಿನಲ್ಲೂ ಸಿಗುತ್ತಾರೆ’ ಎಂಬ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೇಕಿದ್ದರೆ ಇನ್ನೂ ಇವೆ: ಆ್ಯಂಟೊನಿಯೊ ಬ್ರೌನ್ ಆರನೆಯ ಸುತ್ತು, ಟೈರೀಕ್ ಹಿಲ್ ಐದನೆಯದು. 2023ರಲ್ಲಿ ಮೊದಲ ವರ್ಷದ ಆಟಗಾರರ ದಾಖಲೆ ಅಳಿಸಿ 1,486 ಯಾರ್ಡ್ ಗಳಿಸಿದ ಪುಕಾ ನಕುವಾ 177ನೆಯ ಆಯ್ಕೆ.

ಈ ಹೆಸರುಗಳೇ ನಮ್ಮನ್ನು ದಾರಿ ತಪ್ಪಿಸುವುದು. ಲಾಟರಿ ಹೊಡೆದವರ ಪಟ್ಟಿ ಯಾವಾಗಲೂ ಬಾಯಿಪಾಠವಾಗಿರುತ್ತದೆ, ಟಿಕೆಟ್ ಕೊಂಡವರದು ಯಾರಿಗೂ ನೆನಪಿರುವುದಿಲ್ಲ. ನೆನಪಿಟ್ಟುಕೊಂಡವರು ಒಬ್ಬರಿದ್ದಾರೆ: ಅಮಾನ್-ರಾ ಸೇಂಟ್ ಬ್ರೌನ್. 2021ರ ಡ್ರಾಫ್ಟ್‌ನಲ್ಲಿ ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನೂ ಅವರು ಒಂದೇ ಉಸಿರಿಗೆ ಒಪ್ಪಿಸಬಲ್ಲರು. ಹಟಕ್ಕಾಗಿ ಅವರು ಕಾಪಿಟ್ಟುಕೊಂಡ ಆ ಪಟ್ಟಿ ನಮಗೆ ಲೆಕ್ಕದ ಪುಸ್ತಕವಾಗಿ ಒದಗುತ್ತದೆ. ಹದಿನಾರರಲ್ಲಿ ಮೊದಲ ಮೂವರು ಹತ್ತರೊಳಗೇ ಹೋದವರು: ಚೇಸ್, ಜೇಲನ್ ವಾಡಲ್, ಡಿವಾಂಟಾ ಸ್ಮಿತ್. 2022ರಲ್ಲಿ ಮೂವರೂ ಸಾವಿರ ಯಾರ್ಡ್ ದಾಟಿದರು. ಉಳಿದ ಹದಿಮೂರು ಜನರಲ್ಲಿ 2024ರ ಋತು ಮುಗಿಯುವವರೆಗೆ ಆ ಗೆರೆ ಮುಟ್ಟಿದ್ದು 89ನೆಯ ಆಯ್ಕೆಯ ನಿಕೊ ಕಾಲಿನ್ಸ್ ಒಬ್ಬರೇ. ಮೇಲೆ ಮೂರಕ್ಕೆ ಮೂರು, ಕೆಳಗೆ ಹದಿಮೂರಕ್ಕೆ ಒಂದು. ಎಲ್ಲ ವರ್ಷವೂ ಹೀಗೆ ಅಚ್ಚುಕಟ್ಟಾಗಿ ಇರುವುದಿಲ್ಲ, ರಾಸ್ ಆಯ್ಕೆಯಾದ 2017 ಇದಕ್ಕೆ ನೇರ ವಿರುದ್ಧ. ಆದರೂ ‘ಕೆಳಗೆ ಸಿಗುತ್ತಾರೆ’ ಎನ್ನುವುದಕ್ಕೂ ‘ನಮಗೆ ಸಿಗುತ್ತಾರೆ’ ಎನ್ನುವುದಕ್ಕೂ ನಡುವೆ ಇರುವ ಕಂದಕ ಎಷ್ಟು ಆಳ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

ಇನ್ನು ಹಣ. 2011ಕ್ಕೆ ಮೊದಲು ಡ್ರಾಫ್ಟ್‌ನ ತುದಿಯಲ್ಲಿ ಆಯ್ಕೆಯಾದ ಹುಡುಗ ಒಂದೂ ಪಂದ್ಯ ಆಡುವ ಮೊದಲೇ ಕುಬೇರನಾಗುತ್ತಿದ್ದ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್ ಅವರ ಆರು ವರ್ಷದ ಕರಾರಿನ ಮೊತ್ತ 7.8 ಕೋಟಿ ಡಾಲರ್. ಆ ವರ್ಷದ ಬೆನ್ನಿಗೇ ಆಟಗಾರರ ಸಂಘದೊಂದಿಗೆ ಹೊಸ ಒಪ್ಪಂದವಾಗಿ ಹೊಸಬರ ಸಂಬಳಕ್ಕೆ ಕಡಿವಾಣ ಬಿತ್ತು; 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು 2.2 ಕೋಟಿ. ಮೇಲಿನ ಆಯ್ಕೆಗಳಿಗೆ ತಂಡಗಳು ಯೋಗ್ಯತೆ ಮೀರಿದ ಬೆಲೆ ಕೊಡುತ್ತಿವೆ ಎಂದು ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ತೋರಿಸಿದ ಪ್ರಸಿದ್ಧ ಅಧ್ಯಯನ ನಿಂತಿದ್ದು ಆ ಹಳೆಯ ಸಂಬಳದ ಕಾಲದ ಅಂಕಿಗಳ ಮೇಲೆ. ಡೆಟ್ರಾಯಿಟ್‌ನ ತಪ್ಪುಗಳೂ ಆ ಕಾಲದವು. ಕಾಲ ಬದಲಾಗಿದೆ, ಬುದ್ಧಿವಾದ ಮಾತ್ರ ಹಾಗೇ ಉಳಿದಿದೆ.

ಚೇಸ್ ಅವರ ಮೊದಲ ನಾಲ್ಕು ವರ್ಷದ ಕರಾರು ಸುಮಾರು 3.08 ಕೋಟಿ ಡಾಲರ್. 2025ರ ಮಾರ್ಚ್‌ನಲ್ಲಿ ಅವರು ಸಹಿ ಹಾಕಿದ ಮುಂದಿನ ನಾಲ್ಕು ವರ್ಷದ ಕರಾರು 16.1 ಕೋಟಿ, ಕ್ವಾರ್ಟರ್‌ಬ್ಯಾಕ್ ಅಲ್ಲದ ಆಟಗಾರನೊಬ್ಬನಿಗೆ ಅಲ್ಲಿಯವರೆಗೆ ಯಾರೂ ಕೊಡದಷ್ಟು. ಅಂದರೆ ಮೊದಲಿನ ನಾಲ್ಕೂ ವರ್ಷದ ಸಂಬಳ ಕೂಡಿಸಿದರೂ ಈಗಿನ ಒಂದು ವರ್ಷದ ಸರಾಸರಿಗೆ ಸಾಲದು. ಸೂವೆಲ್ ಕಥೆಯೂ ಇದೇ ಜಾತಿಯದು, ಮೊತ್ತ ಮಾತ್ರ ಕಡಿಮೆ: ಮೊದಲು 2.4 ಕೋಟಿಯ ಆಸುಪಾಸು, ಆಮೇಲೆ 11.2 ಕೋಟಿ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ, ಮಾರುಕಟ್ಟೆಯಲ್ಲಿ ಅತಿ ದುಬಾರಿಯಾದ ಜಾಗದ ಆಟಗಾರನನ್ನು ಡ್ರಾಫ್ಟ್‌ನಲ್ಲಿ ಅಗ್ಗಕ್ಕೆ ಪಡೆಯುವುದೇ ಜಾಣತನ. ಹಿಂದೆ ಅಂಥ ಜಾಗ ರಿಸೀವರ್‌ನದಾಗಿರಲಿಲ್ಲ, ಈಗ ಆಗಿದೆ. ಗಾದೆಯ ಲೆಕ್ಕ ತಲೆಕೆಳಗಾಗುವುದು ಇಲ್ಲೇ: ಮಲ್ಲಿಗೆಯ ಬೆಲೆ ಹಿಟ್ಟಿಗಿಂತ ಹೆಚ್ಚಾಗಿರುವ ಸಂತೆಯಲ್ಲಿ ಯಾರೋ ಪುಕ್ಕಟೆ ಒಂದನ್ನು ಆರಿಸಿಕೋ ಎಂದರೆ ಮಲ್ಲಿಗೆಯನ್ನು ಎತ್ತಿಕೊಂಡು, ಉಳಿದ ದುಡ್ಡಿಗೆ ಹಿಟ್ಟು ಕೊಳ್ಳಬೇಕು.

ಆಮೇಲೆ ಹಿಟ್ಟು ಕೊಳ್ಳಲೇಬೇಕು ಎಂಬುದು ಮಾತ್ರ ಬಹಳ ಸಲ ಮರೆತುಹೋಗುತ್ತದೆ. ಬೆಂಗಾಲ್ಸ್ ಮರೆತಿರಲಿಲ್ಲ. ಚೇಸ್‌ನನ್ನು ಮೊದಲ ಸುತ್ತಿನಲ್ಲಿ, ಗೋಡೆಯವನನ್ನು ಎರಡನೆಯದರಲ್ಲಿ ಎಂಬುದೇ ಅವರ ಯೋಜನೆ. ಅದರಂತೆ 46ನೆಯ ಆಯ್ಕೆಯಲ್ಲಿ ಜಾಕ್ಸನ್ ಕಾರ್ಮನ್ ಬಂದರು. ಖಾಯಂ ಸ್ಥಾನ ಗಿಟ್ಟಿಸಿಕೊಳ್ಳಲಾಗಲಿಲ್ಲ. ಹದಿನಾರು ಹೆಸರು ಕಳೆದ ಮೇಲೆ, 63ನೆಯ ಆಯ್ಕೆಯಲ್ಲಿ, ಚೀಫ್ಸ್ ಕರೆದದ್ದು ಗೋಡೆಯ ನಟ್ಟನಡುವೆ ನಿಲ್ಲುವ, ಇಂದು ಲೀಗ್‌ನ ಶ್ರೇಷ್ಠ ಸೆಂಟರ್‌ಗಳಲ್ಲಿ ಒಬ್ಬರಾದ ಕ್ರೀಡ್ ಹಂಫ್ರಿಯನ್ನು. ಆರನೆಯ ಸುತ್ತಿನಲ್ಲಿ, 226ನೆಯವರಾಗಿ, ಟ್ರೇ ಸ್ಮಿತ್ ಅವರನ್ನೂ ಸೇರಿಸಿಕೊಂಡಿತು ಅದೇ ತಂಡ. ಸುಮಾರು ಮೂರು ತಿಂಗಳ ಹಿಂದೆ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಜೀವ ಉಳಿಸಿಕೊಳ್ಳಲು ಓಡಾಡಿದ್ದನ್ನು ನೋಡಿದ ಚೀಫ್ಸ್, ಗೋಡೆಯನ್ನೇ ಹೊಸದಾಗಿ ಕಟ್ಟಲು ಹೊರಟಿತ್ತು. ಆ ವರ್ಷ ಕೆಳಗಿನ ಸುತ್ತುಗಳಲ್ಲಿ ಒಳ್ಳೆಯ ರಿಸೀವರ್‌ಗಳಿಗೆ ಬರ, ಗೋಡೆಯವರಿಗೆ ಬರವಿರಲಿಲ್ಲ. ಬೆಂಗಾಲ್ಸ್ ಕ್ರಮ ಸರಿಯಿತ್ತು, ಹೆಸರು ತಪ್ಪಿತು.

ಡೆಟ್ರಾಯಿಟ್‌ಗೆ ಕ್ರಮವೂ ಒಲಿಯಿತು, ಹೆಸರೂ ಒಲಿಯಿತು. ಏಳನೆಯ ಆಯ್ಕೆಯಲ್ಲಿ ಸೂವೆಲ್, 112ನೆಯದರಲ್ಲಿ ಸೇಂಟ್ ಬ್ರೌನ್. ಹಿಂದೆ ರಿಸೀವರ್‌ಗಳ ಹೆಸರಲ್ಲೇ ನಗೆಪಾಟಲಾದ ಊರು ಅದು. 2024ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಒಂದೇ ದಿನ ಹೊಸ ಕರಾರು ಸಿಕ್ಕಿತು, ನಾಲ್ಕನೆಯ ಸುತ್ತಿನ ಸೇಂಟ್ ಬ್ರೌನ್‌ಗೇ ಹೆಚ್ಚು: 12 ಕೋಟಿ. ಆದ್ದರಿಂದ ‘ಚೇಸ್ ಅಥವಾ ಸೂವೆಲ್’ ಎಂಬ ಪ್ರಶ್ನೆಯೇ ಕುಂಟು. ನಿಜವಾಗಿ ತೂಗಬೇಕಾದದ್ದು ಜೋಡಿಗಳನ್ನು: ಚೇಸ್ ಮತ್ತು ಕಾರ್ಮನ್ ಒಂದು ಕಡೆ, ಸೂವೆಲ್ ಮತ್ತು ಸೇಂಟ್ ಬ್ರೌನ್ ಇನ್ನೊಂದು ಕಡೆ. ಹಾಗೆ ತೂಗಿದರೆ ಡೆಟ್ರಾಯಿಟ್ ತಕ್ಕಡಿ ನೆಲ ಮುಟ್ಟುತ್ತದೆ. ಚೇಸ್ ಜತೆಗೆ ಹಂಫ್ರಿ ಇದ್ದಿದ್ದರೆ?

ಅಭಿಮಾನಿಗಳು ಜೋಡಿಯಾಗಿ ಯೋಚಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ಡ್ರಾಫ್ಟ್‌ನ ಮೊದಲ ರಾತ್ರಿ ಟಿ.ವಿ. ಹಬ್ಬ, ನಾಲ್ಕನೆಯ ಸುತ್ತು ಬರುವ ಹೊತ್ತಿಗೆ ಹಬ್ಬದ ಊಟ ಮುಗಿದು ಎಲೆ ಎತ್ತಿಯಾಗಿರುತ್ತದೆ. ಜತೆಗೆ ಲಕ್ಷಾಂತರ ಜನ ಆಡುವ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಗೋಡೆಯವರಿಗೆ ಅಂಕವೇ ಇಲ್ಲ. ಅಲ್ಲಿ ರಿಸೀವರ್ ಚೆಂಡು ಹಿಡಿದರೆ ಅಂಕ, ಓಡಿದರೆ ಅಂಕ. ಅವನಿಗೆ ಚೆಂಡು ತಲುಪಲು ಮೂರು ಸೆಕೆಂಡು ಸಂಪಾದಿಸಿಕೊಟ್ಟ ಐವರು ಆ ಆಟದಲ್ಲಿ ಹುಟ್ಟೇ ಇಲ್ಲ. ಹಾಗಾಗಿ ಎರಡೂ ಬಣಗಳು ಕಣ್ಣಿಗೆ ಕಾಣುವ ಒಬ್ಬನ ಸುತ್ತಲೇ ಗಿರಕಿ ಹೊಡೆಯುತ್ತವೆ, ಒಂದು ಅವನನ್ನು ಹೊಗಳಿ, ಇನ್ನೊಂದು ಹಳಿದು.

ಚೇಸ್ ತಮ್ಮ ಪಾಲಿನದನ್ನು ಬಾಕಿ ಇಲ್ಲದೆ ತೀರಿಸಿದರು. 2021ರಲ್ಲಿ 1,455 ಯಾರ್ಡ್, 13 ಟಚ್‌ಡೌನ್. ಅದಕ್ಕೆ ಮೊದಲು, ಅಭ್ಯಾಸ ಪಂದ್ಯಗಳಲ್ಲಿ ಚೆಂಡು ಜಾರಿಸುತ್ತಿದ್ದಾಗ, ಕಾಲೇಜು ಚೆಂಡಿನಲ್ಲಿ ಇರುವಂಥ ಬಿಳಿ ಪಟ್ಟಿ ಇದರಲ್ಲಿಲ್ಲ ಎಂದು ಹೇಳಿ ಊರೆಲ್ಲ ನಗುವಂತಾಗಿತ್ತು. 1991ರ ಜನವರಿಯಿಂದ ಒಂದೂ ಪ್ಲೇಆಫ್ ಪಂದ್ಯ ಗೆಲ್ಲದಿದ್ದ ತಂಡ ಒಂದೇ ಋತುವಿನಲ್ಲಿ ಸೂಪರ್ ಬೌಲ್‌ವರೆಗೆ ಹೋಯಿತು. ದಾರಿಯುದ್ದಕ್ಕೂ ಬರೊ ನೆಲಕ್ಕುರುಳುತ್ತಲೇ ಇದ್ದರು: ಲೀಗ್ ಹಂತದಲ್ಲಿ 51 ಸಲ, ಟೆನೆಸೀ ವಿರುದ್ಧದ ಪ್ಲೇಆಫ್ ಒಂದರಲ್ಲೇ ಒಂಬತ್ತು ಸಲ, ಸೂಪರ್ ಬೌಲ್‌ನಲ್ಲಿ ಏಳು. 2024ರಲ್ಲಿ ಚೇಸ್ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಇಡೀ ಲೀಗ್‌ಗೆ ಮೊದಲಿಗರು. ಆ ವರ್ಷ ಕೈಕೊಟ್ಟದ್ದು ರಕ್ಷಣಾ ಪಡೆ. ತಂಡ ಪ್ಲೇಆಫ್ ಹೊಸ್ತಿಲಲ್ಲೇ ಉಳಿಯಿತು.

ಹಾಗಾದರೆ ಗೋಡೆ ಬಿರುಕು ಬಿಟ್ಟದ್ದು ಯಾವಾಗ? ಚೇಸ್ ಬಂದ ರಾತ್ರಿಯಂತೂ ಅಲ್ಲ. 2015ರಲ್ಲಿ ಬೆಂಗಾಲ್ಸ್ ಮೊದಲೆರಡು ಸುತ್ತುಗಳಲ್ಲಿ ಟ್ಯಾಕಲ್‌ಗಳನ್ನೇ ಆರಿಸಿತ್ತು, ಸೆಡ್ರಿಕ್ ಓಗ್ಬುವೇಹಿ ಮತ್ತು ಜೇಕ್ ಫಿಶರ್. ‘ಗೋಡೆಯೇ ಮೊದಲು’ ಎನ್ನುವವರ ಮಾತಿನಂತೆಯೇ ನಡೆದುಕೊಂಡ ವರ್ಷ ಅದು. ಇಬ್ಬರೂ ನಿರೀಕ್ಷೆ ಮುಟ್ಟಲಿಲ್ಲ. ಆದರೂ 2017ರ ಮಾರ್ಚ್‌ನಲ್ಲಿ, ಹನ್ನೊಂದು ಋತು ತನಗಾಗಿ ಆಡಿದ ಎಡ ಟ್ಯಾಕಲ್‌ಗೆ ವಯಸ್ಸು ಮೂವತ್ತೈದಾಯಿತು ಎಂದಾಗ ತಂಡ ಹಿಡಿದಿಟ್ಟುಕೊಳ್ಳಲಿಲ್ಲ. ಮರುತಿಂಗಳ ಡ್ರಾಫ್ಟ್‌ನಲ್ಲಿ ಬಂದವರೇ ಜಾನ್ ರಾಸ್. ಹೋದವರ ಹೆಸರು ಆ್ಯಂಡ್ರೂ ವಿಟ್‌ವರ್ತ್. ಇಂಗಲ್‌ವುಡ್‌ನ ಆ ಸಂಜೆ ಅವರೂ ಅಂಗಳದಲ್ಲಿದ್ದರು, ರ್‍ಯಾಮ್ಸ್‌ನ 77ನೇ ನಂಬರಿನ ಅಂಗಿ ತೊಟ್ಟು, ನಲವತ್ತನೆಯ ವಯಸ್ಸಿನಲ್ಲಿ, ಎಡ ಟ್ಯಾಕಲ್ ಆಗಿಯೇ. ಮೊದಲ ಸೂಪರ್ ಬೌಲ್ ಉಂಗುರ ಗೆದ್ದ ಅವರು ಮುಂದಿನ ತಿಂಗಳು ನಿವೃತ್ತರಾದರು.